ವೈರ್ ಸುಲಿಯೋಕೆ ಯಾವ ಸ್ಟ್ರಿಪ್ಪರ್ ಒಳ್ಳೇದು?

ಓದುಗರ ಪ್ರಶ್ನೆ, ವೈರ್‌ಮನ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಕೈ ಸಾಮಾನಿನ ಬಗ್ಗೆಯೇ ಇದ್ದವು. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡನೇ ವರ್ಷ ಓದುತ್ತಿದ್ದೇನೆ. ರಜೆಯಲ್ಲಿ ಒಬ್ಬ ಮೇಸ್ತ್ರಿ ಹತ್ತಿರ ಕೆಲಸಕ್ಕೆ ಹೋಗುತ್ತೇನೆ. ಅವರು ಕಟಿಂಗ್ ಪ್ಲೇಯರ್ ಸಾಕು, ಸ್ಟ್ರಿಪ್ಪರ್ ಎಲ್ಲ ಬೇಡ ಅನ್ನುತ್ತಾರೆ. ಗೆಳೆಯರು ಆಟೋಮ್ಯಾಟಿಕ್ ಸ್ಟ್ರಿಪ್ಪರ್ ತರಿಸಿಕೊಂಡಿದ್ದಾರೆ. ನಾನು ಯಾವುದನ್ನು ತೆಗೆದುಕೊಳ್ಳಲಿ?
— ವಿದ್ಯಾರ್ಥಿ, ಹಾವೇರಿ

ಉತ್ತರ: ನಿಮ್ಮ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಪ್ಲೇಯರ್‌ನ ಕಟರ್ ಅಂಚಿನಲ್ಲಿ ವೈರ್ ಹಿಡಿದು, ಹಗುರಾಗಿ ಒತ್ತಿ, ಬೆರಳಲ್ಲೇ ಹದ ನೋಡಿ ಸಿಪ್ಪೆ ಎಳೆಯುವ ಹಳಬರ ಕೈ ನಿಜಕ್ಕೂ ಚೆಂದ. ಅವರಿಗೆ ಬ್ಲೇಡು ತಾಮ್ರಕ್ಕೆ ತಾಗುವ ಮೊದಲೇ ಗೊತ್ತಾಗುತ್ತದೆ. ಆದರೆ ಅದು ಬೆಳಗಿನ ಮಾತು. ಒಂದು ಮನೆಯ ಬೋರ್ಡುಗಳನ್ನೆಲ್ಲ ಕಟ್ಟುತ್ತಾ ಸಂಜೆಯಾದಾಗ ಕೈ ಸೋತಿರುತ್ತದೆ, ಬೆಳಕೂ ಕಡಿಮೆ ಆಗಿರುತ್ತದೆ. ಆಗ ಒತ್ತಡ ಒಂದಿಷ್ಟು ಹೆಚ್ಚಾದರೂ ಎಳೆ ಹೋಯಿತು.

ಎಳೆ ಹೋದರೆ ಏನಾಗುತ್ತದೆ? ಪವರ್ ಪ್ಲಗ್‌ಗೆ ಎಳೆಯುವ 2.5 ಚದರ ಮಿ.ಮೀ. ವೈರನ್ನೇ ತೆಗೆದುಕೊಳ್ಳಿ. ಬಗ್ಗುವ ಹೌಸ್ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿ.ಮೀ. ದಪ್ಪದ 36 ಎಳೆ ಇರುತ್ತವೆ. ಸುಲಿಯುವಾಗ ಆರು ಎಳೆ ತುಂಡಾದರೆ ಆ ಜಾಗದಲ್ಲಿ ಆರನೇ ಒಂದು ಭಾಗ ತಾಮ್ರವೇ ಇಲ್ಲ. ಉಳಿದ ಎಳೆಗಳ ಮೇಲೂ ಗೀರು ಬಿದ್ದಿದ್ದರೆ, ಸ್ವಿಚ್ಚಿನ ಸ್ಕ್ರೂ ಬಿಗಿ ಮಾಡುವಾಗ ಅಲ್ಲೇ ಮುರಿಯುತ್ತವೆ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ದಿನಾ ಬೆಳಿಗ್ಗೆ ಆ ಬಡಕಲು ತುದಿಯಲ್ಲೇ ಹರಿಯಬೇಕು. ಸಡಿಲವಾದ, ಎಳೆ ಕಡಿಮೆಯಾದ ತುದಿ ಬಿಸಿಯಾಗುತ್ತದೆ. ಕೆಲವು ತಿಂಗಳಾದ ಮೇಲೆ ಸಾಕೆಟ್ಟಿನ ಮುಖ ಕಂದು ಬಣ್ಣಕ್ಕೆ ತಿರುಗುತ್ತದೆ. ಮನೆಯವರು ಸಾಕೆಟ್ ಕಂಪನಿಯನ್ನು ಬೈಯುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ತಪ್ಪು ಸುಲಿದ ಕೈಯದು.

ಹಾಗಾಗಿ ನನ್ನ ಸಲಹೆ: ಚಿಕ್ಕ ಸ್ಕ್ರೂ ಸ್ಟ್ರಿಪ್ಪರ್ ತೆಗೆದುಕೊಳ್ಳಿ. ಎರಡು ದವಡೆಯಲ್ಲೂ ವಿ ಆಕಾರದ ಕಚ್ಚು, ಹಿಡಿಯ ಮೇಲೆ ಉದ್ದ ಸೀಳು, ಅದರಲ್ಲಿ ಜರುಗಿಸುವ ಸ್ಕ್ರೂ ಇರುತ್ತದಲ್ಲ, ಅದೇ. ಮಲ್ಟಿಟೆಕ್, ತಪಾರಿಯಾ ಎರಡರಲ್ಲೂ ಸ್ಟ್ರಿಪ್ಪರ್ ಸಿಗುತ್ತದೆ. ದವಡೆ ಎಷ್ಟು ಮುಚ್ಚಬೇಕು ಅನ್ನುವುದನ್ನು ಆ ಸ್ಕ್ರೂ ತಡೆದು ನಿಲ್ಲಿಸುತ್ತದೆ. ಒಮ್ಮೆ ಹದ ಮಾಡಿದರೆ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ.

ಹದ ಮಾಡುವ ರೀತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಕೆಲಸಕ್ಕೆ ಬಾರದ ತುಂಡು ವೈರ್ ತೆಗೆದುಕೊಳ್ಳಿ. ಸ್ಕ್ರೂ ಸಡಿಲಿಸಿ, ದವಡೆ ಸಿಪ್ಪೆಯೊಳಗೆ ಮುಕ್ಕಾಲು ಪಾಲು ಇಳಿಯುವಷ್ಟು ಮುಚ್ಚಿ, ಅಲ್ಲೇ ಬಿಗಿ ಮಾಡಿ. ಈಗ ಹಿಡಿ ಒತ್ತಿ, ಸ್ಟ್ರಿಪ್ಪರನ್ನು ವೈರಿನ ಸುತ್ತ ಅರ್ಧ ಸುತ್ತು ತಿರುಗಿಸಿ, ಹೆಬ್ಬೆರಳನ್ನು ದವಡೆಗೆ ಆನಿಸಿ ಮುಂದಕ್ಕೆ ತಳ್ಳಿ. ಉಳಿದ ತೆಳು ಪದರ ತಾನೇ ಹರಿದು ಸಿಪ್ಪೆ ಕೊಳವೆಯಂತೆ ಜಾರಿ ಬರಬೇಕು. ಆ ಸಿಪ್ಪೆಯನ್ನು ಎಸೆಯಬೇಡಿ, ಒಳಗೆ ಇಣುಕಿ ನೋಡಿ. ತಾಮ್ರದ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಸ್ಕ್ರೂ ಜಾಸ್ತಿ ಬಿಗಿಯಾಗಿದೆ ಎಂದರ್ಥ. ಆಮೇಲೆ ಸುಲಿದ ತಾಮ್ರವನ್ನು ಟಾರ್ಚ್ ಬೆಳಕಲ್ಲಿ ತಿರುಗಿಸಿ. ಸಿಪ್ಪೆ ಮುಗಿದ ಕಡೆ ಸುತ್ತಲೂ ಬಿಳಿ ಗೀರಿನ ಉಂಗುರ ಕಂಡರೆ ಮತ್ತೆ ಸಡಿಲಿಸಿ. ಗೀರಿಲ್ಲದೆ ಬಂದರೆ ಅದೇ ನಿಮ್ಮ ಹದ.

ಇನ್ನೊಂದು ಮಾತು. ಒಂದೇ ಸ್ಟ್ರಿಪ್ಪರಿನ ಸ್ಕ್ರೂ ಪದೇ ಪದೇ ಬದಲಿಸುತ್ತಾ ಕೂರುವುದು ತಲೆನೋವು. ನನ್ನ ಚೀಲದಲ್ಲಿ ಎರಡು ಇವೆ. ಲೈಟು, ಫ್ಯಾನಿನ 1.5ಕ್ಕೆ ಹದ ಮಾಡಿದ್ದಕ್ಕೆ ಹಳದಿ ಟೇಪ್ ಸುತ್ತಿದ್ದೇನೆ, 2.5ರದ್ದಕ್ಕೆ ಕೆಂಪು. ಏಣಿ ಮೇಲೆ ನಿಂತು ಕೆಳಗಿರುವ ಹುಡುಗನಿಗೆ "ಕೆಂಪು ಕೊಡೋ" ಅಂದರೆ ಸಾಕು.

ಆಟೋಮ್ಯಾಟಿಕ್ ಕೆಟ್ಟದ್ದಲ್ಲ. ಒಂದು ಜೊತೆ ದವಡೆ ವೈರ್ ಹಿಡಿಯುತ್ತದೆ, ಇನ್ನೊಂದು ಜೊತೆ ಸಿಪ್ಪೆ ಕತ್ತರಿಸಿ ಎಳೆಯುತ್ತದೆ. ಡಿಬಿ (ಮನೆಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡ್) ಕಟ್ಟುವಾಗ, ಪ್ಯಾನೆಲ್ ಕೆಲಸದಲ್ಲಿ, ಮೇಜಿನ ಮೇಲೆ ಒಂದೇ ಸಮ ನೂರಾರು ತುದಿ ಸುಲಿಯುವಾಗ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ತಲೆ ಅಗಲ. ಗೋಡೆಯೊಳಗಿನ ಬಾಕ್ಸಿನಲ್ಲಿ ಬೆರಳುದ್ದ ವೈರ್ ಮಾತ್ರ ಹೊರಗೆ ಬಂದಿರುವ ಕಡೆ ಆ ತಲೆ ಹೋಗುವುದೇ ಇಲ್ಲ. ಅಗ್ಗದ್ದಾದರೆ ಬ್ಲೇಡು ಬೇಗ ಮೊಂಡಾಗಿ, ಸಿಪ್ಪೆ ಕತ್ತರಿಸುವ ಬದಲು ಜಗ್ಗಿ ಹರಿಯುತ್ತದೆ. ಮೊದಲು ಸ್ಕ್ರೂ ಸ್ಟ್ರಿಪ್ಪರ್‌ನಲ್ಲಿ ಕೈ ಪಳಗಲಿ. ಪ್ಯಾನೆಲ್ ಕೆಲಸ ಸಿಕ್ಕಾಗ ಆಟೋಮ್ಯಾಟಿಕ್ ಕೊಳ್ಳಿ, ಒಳ್ಳೆಯದನ್ನೇ ಕೊಳ್ಳಿ.

ಹಲ್ಲಲ್ಲಿ ಕಚ್ಚಿ ಸುಲಿಯುವುದು, ಲೈಟರಿನಲ್ಲಿ ಸುಡುವುದು ಎರಡೂ ಬೇಡವೇ ಬೇಡ. ಪಿವಿಸಿ ಸುಟ್ಟರೆ ಬರುವ ಹೊಗೆ ಶ್ವಾಸಕೋಶಕ್ಕೆ ವಿಷ. ಕಾವಿಗೆ ತಾಮ್ರ ಕಪ್ಪಾಗುತ್ತದೆ, ಆಚೆಗಿನ ಸಿಪ್ಪೆಯೂ ಮೆತ್ತಗಾಗುತ್ತದೆ. ಹಲ್ಲಿನ ವಿಷಯ ಕೇಳಲೇ ಬೇಡಿ. ನಿಮಗಿನ್ನೂ ಚಿಕ್ಕ ವಯಸ್ಸು, ಆ ಅಭ್ಯಾಸ ಶುರುವಾಗದಿರಲಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಕ್ಲೈನ್ ಕಂಪನಿಯ ಸ್ಟ್ರಿಪ್ಪರ್ ತಂದುಕೊಟ್ಟಿದ್ದಾನೆ. ಅದರಲ್ಲಿ 10, 12, 14 ಎಂದು ತೂತುಗಳಿವೆ. ನಮ್ಮ 1.5, 2.5ಕ್ಕೆ ಯಾವ ತೂತು?
— ಓದುಗರು, ಮೈಸೂರು

ಉತ್ತರ: ಒಳ್ಳೆಯ ಸಾಮಾನು, ಜೋಪಾನವಾಗಿ ಇಟ್ಟುಕೊಳ್ಳಿ. ಷಿಕಾಗೋದಲ್ಲಿ 1857ರಲ್ಲಿ ಶುರುವಾದ ಕಂಪನಿ ಅದು.

ಅಲ್ಲಿನ ಗೇಜ್ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ವೈರ್ ತೆಳು. 14 ಅಂದರೆ ಸುಮಾರು 2.08 ಚದರ ಮಿ.ಮೀ., 12 ಅಂದರೆ 3.31. ಈ ಲೆಕ್ಕ ನೋಡಿದರೆ ನಮ್ಮ 2.5 ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಆದರೆ ಸ್ಟ್ರಿಪ್ಪರಿಗೆ ಬೇಕಿರುವುದು ತಾಮ್ರದ ದಪ್ಪ, ಚದರ ಮಿಲಿಮೀಟರ್ ಅಲ್ಲ. ಅಲ್ಲಿ ಮನೆ ವೈರಿಂಗಿಗೆ ಹೆಚ್ಚಾಗಿ ಒಂಟಿ ತಂತಿ ಬಳಸುತ್ತಾರೆ. 12ನೇ ಗೇಜಿನ ಒಂಟಿ ತಂತಿ 2.05 ಮಿ.ಮೀ. ದಪ್ಪ. ನಮ್ಮ 2.5ರಲ್ಲಿರುವ 36 ಎಳೆಗಳ ಕಟ್ಟು ಕೂಡ 2 ಮಿ.ಮೀ. ಆಸುಪಾಸಿನದೇ. ಹಾಗಾಗಿ ಒಂಟಿ ತಂತಿಯ ಕಡೆ ಬರೆದಿರುವ 12ರ ತೂತಿನಲ್ಲಿ 2.5 ಹಾಕಿ ನೋಡಿ. 1.5ಕ್ಕೆ 14. ಬೇಡದ ತುಂಡಿನ ಮೇಲೆ ಮೊದಲು ನೋಡಿ. ಗೀರು ಬಿದ್ದರೆ ಒಂದು ತೂತು ದೊಡ್ಡದಕ್ಕೆ ಹೋಗಿ. ಸ್ಕ್ರೂಗೆ ಸುತ್ತಲು ತಂತಿಯನ್ನು ಉಂಗುರದಂತೆ ಬಗ್ಗಿಸುವ ಪುಟ್ಟ ತೂತೂ ಅದರಲ್ಲಿದ್ದರೆ, ಅದು ಒಂಟಿ ತಂತಿಗೆ. ನಮ್ಮ ಎಳೆ ವೈರಿಗೆ ಅದರಿಂದ ಪ್ರಯೋಜನ ಕಡಿಮೆ.

ಪ್ರಶ್ನೆ: ನಮ್ಮದು ಹಳೇ ಮನೆ. ಮರದ ಪಟ್ಟಿ ಮೇಲೆ ಓಡಿಸಿದ ವೈರಿಂಗ್. ಸ್ವಿಚ್ ಬದಲಿಸಲು ಹೋದರೆ ವೈರಿನ ಸಿಪ್ಪೆ ಪುಡಿಪುಡಿಯಾಗುತ್ತದೆ. ಯಾವ ಟೂಲ್ ಬಳಸಬೇಕು?
— ಓದುಗರು, ಸಾಗರ

ಉತ್ತರ: ಟೂಲ್ ಯಾವುದೂ ಬೇಡ. ವೈರ್ ಬದಲಿಸಿ. ಸಿಪ್ಪೆ ಮುಟ್ಟಿದರೆ ಉದುರುತ್ತದೆ ಅಂದರೆ ಪಟ್ಟಿಯ ಉದ್ದಕ್ಕೂ ಅದೇ ಸ್ಥಿತಿ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಒದ್ದೆ, ಮರ ಒದ್ದೆ. ಅಲ್ಲಿ ಬರಿಮೈ ತಾಮ್ರ ಇರಬಾರದು. ಪರ್ಮಿಟ್ ಇರುವ ವೈರ್‌ಮನ್ ಕರೆಸಿ, ಮಳೆ ಹಿಡಿಯುವ ಮೊದಲೇ ಮುಗಿಸಿ. ಹಳೇ ವೈರಿಂಗಿನಲ್ಲಿ ಅರ್ತ್ ವೈರ್ ಇಲ್ಲದಿದ್ದರೆ ಅದನ್ನೂ ಎಳೆಸಿ. ಹಳೇ ಮೇಸ್ತ್ರಿಗಳು ಇನ್ನೂ 3/20, 7/20 ಎಂದೇ ಚೀಟಿ ಬರೆಯುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಎಳೆಯ ಗೇಜ್ (ಮೇಲೆ ಹೇಳಿದ ಅಮೆರಿಕದ್ದಲ್ಲ, ಹಳೇ ಬ್ರಿಟಿಷ್ ಗೇಜ್). 3/20 ಸುಮಾರು 2 ಚದರ ಮಿ.ಮೀ., 7/20 ಸುಮಾರು 4.6. ಅಂಗಡಿಯಲ್ಲಿ ಅದಕ್ಕಿಂತ ಕಡಿಮೆಯದನ್ನು ತರಬೇಡಿ.

ಪ್ರಶ್ನೆ: ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತಿದೆ, ಆದರೆ ಏನೂ ಕೆಲಸ ಮಾಡುತ್ತಿಲ್ಲ. ಟೆಸ್ಟರ್ ಕೆಟ್ಟಿದೆಯಾ?
— ಶಿಕ್ಷಕಿ, ತುಮಕೂರು

ಉತ್ತರ: ಇಲ್ಲ ಮೇಡಂ, ಟೆಸ್ಟರ್ ಸರಿಯಾಗಿಯೇ ಇರಬಹುದು. ಎಲ್ಲೋ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ವೈರ್, ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ಆನ್ ಆಗಿರುವ ಯಾವುದೋ ಬಲ್ಬಿನ ಮೂಲಕ ಫೇಸ್ ಹಾದು ಬಂದು ನ್ಯೂಟ್ರಲ್ ತೂತಿನಲ್ಲಿ ಕಾಣಿಸಿಕೊಳ್ಳುತ್ತಿದೆ. ಆ ತೂತು ಈಗ ನ್ಯೂಟ್ರಲ್ ಅಲ್ಲ, ಶಾಕ್ ಹೊಡೆಯುತ್ತದೆ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ.

ನಿಯಾನ್ ಟೆಸ್ಟರ್ ಒಳಗೆ ಒಂದು ದೊಡ್ಡ ರೆಸಿಸ್ಟರ್ ಇರುತ್ತದೆ. ನಿಮ್ಮ ಮೈ ಮೂಲಕ ತೀರಾ ಕಡಿಮೆ ಕರೆಂಟು ಹರಿದು ದೀಪ ಉರಿಯುತ್ತದೆ. ಉರಿದರೆ ಹುಷಾರು ಎಂದು ಹೇಳಲು ಅದು ಸಾಕು. ಉರಿಯದಿದ್ದರೆ ಕರೆಂಟಿಲ್ಲ ಎಂದು ನಂಬಲು ಸಾಲದು. ಒಣ ಮರದ ಸ್ಟೂಲಿನ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಂತವರಿಗೆ ಬೆಳಕು ಮಂಕಾಗಿ, ಹಗಲಲ್ಲಿ ಕಾಣಿಸದೇ ಹೋಗಬಹುದು. ನಾನು ಯಾವಾಗಲೂ ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಟೆಸ್ಟರ್ ಉರಿಸಿ ನೋಡುತ್ತೇನೆ. ಆಮೇಲೆ ಕೆಲಸದ ಜಾಗ. ಆಮೇಲೆ ಮತ್ತೆ ಮೊದಲಿನ ಜಾಗ. ಸುಲಿಯುವ ಮೊದಲು ಮಲ್ಟಿಮೀಟರ್ ಇಟ್ಟು ಫೇಸ್, ನ್ಯೂಟ್ರಲ್, ಅರ್ತ್ ಮೂರರ ನಡುವೆಯೂ ನೋಡುತ್ತೇನೆ.

ಪ್ರಶ್ನೆ: ಪ್ಲೇಯರ್ ಹಿಡಿಗೆ ಪ್ಲಾಸ್ಟಿಕ್ ಇದ್ದರೆ ಕರೆಂಟಿರುವಾಗಲೂ ಕೆಲಸ ಮಾಡಬಹುದಾ?
— ಅಂಗಡಿ ಮಾಲೀಕರು, ರಾಣೆಬೆನ್ನೂರು

ಉತ್ತರ: ಬೇಡ. ಬಣ್ಣದ ಹಿಡಿ ಇದ್ದ ಮಾತ್ರಕ್ಕೆ ಅದು ಕರೆಂಟ್ ತಡೆಯುತ್ತದೆ ಎಂದಲ್ಲ, ಎಷ್ಟೋ ಹಿಡಿ ಬರೀ ಜಾರದಿರಲಿ ಎಂದು ಹಾಕಿರುತ್ತಾರೆ. ಕರೆಂಟಿರುವಾಗ ಬಳಸಲೆಂದೇ ಮಾಡಿದ ಸಲಕರಣೆಯ ಮೇಲೆ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಎಂಬ ಅಂಕಿ ಇರುತ್ತದೆ. ಐಇಸಿ 60900 ಎಂಬ ಮಾನದಂಡದಂತೆ ಅವನ್ನು ಪರೀಕ್ಷಿಸಿರುತ್ತಾರೆ. ಅದಿದ್ದರೂ ನಿಮ್ಮ ಅಂಗಡಿಯ ಕೆಲಸಕ್ಕೆ ಮೇನ್ ಆಫ್ ಮಾಡುವುದೇ ಸರಿ. ಹಿಡಿಯಲ್ಲಿ ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಿ ಬಳಸಬೇಡಿ, ಬದಲಿಸಿ. ಕೀಲು ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಹಿಡಿಗೆ ತಾಗಿದ ಎಣ್ಣೆಯನ್ನು ಮಾತ್ರ ಒರೆಸಿಬಿಡಿ, ಕೈ ಜಾರುತ್ತದೆ.