ಮಾವ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸಿ ಕಾಯಿಲೆ ಗುರುತಿಸುವ ಡಾಕ್ಟರ್) ಆಗಿದ್ದರು. ಅವರ ಸ್ಲೈಡು, ಕಾಗದಪತ್ರ ಸ್ಕ್ಯಾನ್ ಮಾಡಿ ಉಳಿದದ್ದನ್ನು ರದ್ದಿಗೆ ಹಾಕಬಹುದೇ?

ಹಾಕಬೇಡಿ. ಸ್ಕ್ಯಾನನ್ನೂ ಈಗಲೇ ಶುರು ಮಾಡಬೇಡಿ. ಮೊದಲು ಆ ಕೋಣೆಗೆ ಬೀಗ ಹಾಕಿ, ಯಾರೂ ಏನನ್ನೂ ಜೋಡಿಸದ ಹಾಗೆ ನೋಡಿಕೊಳ್ಳಿ.

ದಾವಣಗೆರೆಯ ಮನೆ ಖಾಲಿ ಮಾಡಬೇಕು, ಮೈಕ್ರೋಸ್ಕೋಪಿನಲ್ಲಿ ನೋಡುವ ಗಾಜಿನ ಸ್ಲೈಡಿನ ಟ್ರೇ, ಅಂಗಾಂಶದ ಚೂರು ಹುದುಗಿಸಿಟ್ಟ ಮೇಣದ ಬ್ಲಾಕು, ಅಂಗಾಂಶ ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರವದ ಜಾಡಿ, ಕಟ್ಟುಗಟ್ಟಲೆ ಕಾಗದ ಇದೆ, 'ಮಾವ ಅಂಥ ಹೆಸರುವಾಸಿಯೇನಲ್ಲ' ಅಂತ ಬರೆದಿದ್ದೀರಿ. ಓದುವಾಗ ನಮ್ಮ ದೊಡ್ಡಪ್ಪನ ಮನೆಯೇ ಕಣ್ಣಿಗೆ ಕಟ್ಟಿತು. ಅವರೂ ದಾವಣಗೆರೆಯಲ್ಲೇ ಪೆಥಾಲಜಿಸ್ಟ್ ಆಗಿದ್ದವರು. ಈ ಊರಿನಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದದ್ದು 1965ರಲ್ಲಿ. ಆಮೇಲೆ ಡಾಕ್ಟರುಗಳ ಒಂದು ದೊಡ್ಡ ತಲೆಮಾರೇ ಇಲ್ಲಿ ಬಂದು ನೆಲೆಸಿತು. ಈಗ ಆ ತಲೆಮಾರಿನ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ನಿಮ್ಮ ಪ್ರಶ್ನೆ ನಿಮ್ಮೊಬ್ಬರದ್ದಲ್ಲ.

ದೊಡ್ಡಪ್ಪನಿಗೆ ಒಂದೇ ಹುಚ್ಚು, ಮೈಸೆಟೋಮ ಅನ್ನುವ ಕಾಯಿಲೆ. ಮಧುರೈ ಕಡೆ ಮೊದಲು ಗುರುತಿಸಿದ್ದಕ್ಕೆ ಮಧುರಾ ಫುಟ್ ಅಂತಲೂ ಹೇಳುತ್ತಾರೆ. ಬರಿಗಾಲಲ್ಲಿ ಹೊಲಕ್ಕೆ ಹೋದವನಿಗೆ ಮುಳ್ಳು ಚುಚ್ಚುತ್ತದೆ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿ ಒಳಗೆ ಸೇರುತ್ತದೆ. ವರ್ಷಗಟ್ಟಲೆ ಪಾದ ಊದುತ್ತಾ ಹೋಗಿ, ತೂತು ಬಿದ್ದು, ಕೀವಿನ ಜೊತೆ ಸಣ್ಣ ಕಾಳುಗಳು ಹೊರಗೆ ಬರುತ್ತವೆ. ನೋವು ಕಡಿಮೆ, ಅದಕ್ಕೇ ಜನ ಡಾಕ್ಟರ ಹತ್ತಿರ ಬರುವುದು ತಡ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಒಣಭೂಮಿ ಮತ್ತು ಜಾಲಿ ಮುಳ್ಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಯಿಲೆಯಲ್ಲಿ ಕಾಳಿನ ಬಣ್ಣ ಮುಖ್ಯ. ಕರಿ ಕಾಳು ಅಂದರೆ ಶಿಲೀಂಧ್ರ. ಕೆಂಪು ಕಾಳು ಅಂದರೆ ಬ್ಯಾಕ್ಟೀರಿಯಾದ ಒಂದು ಜಾತಿ. ಬಿಳಿ, ಹಳದಿ ಆದರೆ ಎರಡರಲ್ಲಿ ಯಾವುದಾದರೂ ಇರಬಹುದು, ಸ್ಟೇನ್ ಮಾಡಿ, ಅಂದರೆ ಬಣ್ಣ ಹಾಕಿಯೇ ನೋಡಬೇಕು. ಬ್ಯಾಕ್ಟೀರಿಯಾ ಆದರೆ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಶಿಲೀಂಧ್ರ ಆದರೆ ಬೇರೆ ಔಷಧ ಬೇಕು, ಎಷ್ಟೋ ಸಲ ಆಪರೇಷನ್ನೂ ಬೇಕು. ಅಂದರೆ ಪೆಥಾಲಜಿಸ್ಟ್ ಬರೆಯುವ ಒಂದು ಸಾಲಿನ ಮೇಲೆ ರೋಗಿಯ ಕಾಲು ನಿಂತಿರುತ್ತದೆ. ಇಷ್ಟು ಹಳೆಯ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಡೆಗಣಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ.

ದೊಡ್ಡಮ್ಮ ಮನೆ ಮಾರಿ ಮಗಳ ಹತ್ತಿರ ಬೆಂಗಳೂರಿಗೆ ಹೋಗುವುದು ಅಂತಾಯಿತು. ನಾನು ಚಿತ್ರದುರ್ಗದಲ್ಲಿ ಬ್ಯಾಂಕಿನಲ್ಲಿದ್ದೆ. ಮನೆಯವರ ಕಣ್ಣಲ್ಲಿ ನಾನು ಬಹಳ ಅಚ್ಚುಕಟ್ಟಿನ ಮನುಷ್ಯ, ಹಾಗಾಗಿ 'ನೀನೇ ನೋಡಪ್ಪ' ಅಂದರು. ಕೋಣೆಯ ತುಂಬ ರಟ್ಟಿನ ಸ್ಲೈಡ್ ಟ್ರೇಗಳು. ಪ್ರತಿ ಸ್ಲೈಡಿನ ತುದಿಯಲ್ಲೂ ಡೈಮಂಡ್ ಪೆನ್ಸಿಲಿನಿಂದ ಗೀಚಿದ ನಂಬರು, ಓರೆಗೆರೆ, ಆಮೇಲೆ ವರ್ಷ. ಒಂದೇ ಟ್ರೇಯಲ್ಲಿ 74ರ ಪಕ್ಕ 89, ಅದರ ಪಕ್ಕ 81. ವಯಸ್ಸಾಗಿತ್ತಲ್ಲ, ಪಾಪ, ಕಲಸಿಬಿಟ್ಟಿದ್ದಾರೆ ಅಂದುಕೊಂಡೆ.

ಎಲ್ಲವನ್ನೂ ಹೊರಗೆ ತೆಗೆದೆ. ವರ್ಷದ ಪ್ರಕಾರ ಜೋಡಿಸಿದೆ. ಹೊಸ ಪ್ಲಾಸ್ಟಿಕ್ ಡಬ್ಬಿ ತಂದು ಪ್ರಿಂಟ್ ಮಾಡಿದ ಲೇಬಲ್ ಅಂಟಿಸಿದೆ. ಬೆಳ್ಳಿಮೀನು ಹುಳ ತಿಂದಿದ್ದ ಹಳೆಯ ಟ್ರೇಗಳನ್ನು ಎಸೆದೆ. ಟ್ರೇಗಳ ಅಡಿಯಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಅದನ್ನು ನೋಡಿದ್ದೆ, ಓದಲಿಲ್ಲ. ಮುಗಿದಾಗ ಕೋಣೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಎಲ್ಲ ಮುಗಿದ ಮೇಲೆ ತೆಗೆದ ಫೋಟೋ ಅದು. ಶುರು ಮಾಡುವ ಮೊದಲು ಒಂದನ್ನೂ ತೆಗೆದಿರಲಿಲ್ಲ.

ಕೆಲವು ತಿಂಗಳ ನಂತರ ದೊಡ್ಡಮ್ಮನ ಟ್ರಂಕಿನಲ್ಲಿ ಒಂದು ಉದ್ದನೆಯ ರೂಲ್ಡ್ ಪುಸ್ತಕ ಸಿಕ್ಕಿತು. ಪುಟದ ತುಂಬ ದೊಡ್ಡಪ್ಪನ ಸಣ್ಣ ಅಕ್ಷರ. ಒಂದೊಂದು ಸಾಲಿಗೆ ಒಬ್ಬೊಬ್ಬ ರೋಗಿ. ಟ್ರೇ ನಂಬರು, ಟ್ರೇಯಲ್ಲಿ ಸ್ಲೈಡ್ ಕೂರುವ ಜಾಗದ ನಂಬರು, ಕಾಳಿನ ಬಣ್ಣ, ಯಾವ ಕಾಲು, ಯಾವ ಊರು, ಏನು ಕೆಲಸ, ಎಷ್ಟು ವರ್ಷದಿಂದ ಊತ. ಕುರಿ ಕಾಯುವವರು ಎಷ್ಟು ಜನ, ಶೇಂಗಾ ಹೊಲದವರು ಎಷ್ಟು ಜನ, ಎಲ್ಲ ಅದರಲ್ಲಿತ್ತು. ಟ್ರೇಗಳನ್ನು ಅವರು ಕಾಳಿನ ಬಣ್ಣದ ಮೇಲೆ, ಆಮೇಲೆ ಊರಿನ ಮೇಲೆ ಜೋಡಿಸಿದ್ದರು. ಯಾವ ಮಣ್ಣಿನಲ್ಲಿ ಯಾವ ಕಾಳು ಜಾಸ್ತಿ ಅಂತ ನೋಡುವುದು ಅವರ ಲೆಕ್ಕ. ನನಗೆ ಕಲಸಿದ ಹಾಗೆ ಕಂಡದ್ದೇ ಅವರ ಸಂಶೋಧನೆ.

ಪುಸ್ತಕದಲ್ಲಿ ಸ್ಲೈಡಿನ ಮೇಲೆ ಗೀಚಿದ್ದ ಬಯಾಪ್ಸಿ ನಂಬರು, ಅಂದರೆ ರೋಗಿಯಿಂದ ತೆಗೆದ ಅಂಗಾಂಶದ ಚೂರಿಗೆ ಲ್ಯಾಬ್ ಕೊಟ್ಟ ನಂಬರು, ಇರಲಿಲ್ಲ. ಯಾಕಿರಬೇಕು ಹೇಳಿ? ಟ್ರೇ ಎಳೆದರೆ ಸ್ಲೈಡ್ ಕೈಗೆ ಬರುತ್ತದೆ, ನಂಬರು ಅದರ ಮೇಲೇ ಇದೆ. ಅದನ್ನು ಇನ್ನೊಂದು ಸಲ ಬರೆಯುವ ಅಗತ್ಯ ಅವರಿಗಿರಲಿಲ್ಲ. ಬಯಾಪ್ಸಿ ನಂಬರಿಗೂ ರೋಗಿಗೂ ಸಂಬಂಧ ಹೇಳುವ ಲ್ಯಾಬಿನ ರೆಜಿಸ್ಟರುಗಳು ಯಾವತ್ತೋ ಹೋಗಿದ್ದವು. ಈಗ ಪುಸ್ತಕ ನನ್ನ ಹತ್ತಿರ ಇದೆ, ಸ್ಲೈಡುಗಳೂ ಇವೆ, ಎರಡನ್ನೂ ಸೇರಿಸುತ್ತಿದ್ದದ್ದು ಟ್ರೇಯಲ್ಲಿದ್ದ ಜಾಗ ಮಾತ್ರ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಲಾಕರುಗಳೂ ಇವೆ, ಕೀಲಿಗೊಂಚಲೂ ಇದೆ, ಯಾವ ಕೀಲಿ ಯಾವುದಕ್ಕೆ ಅನ್ನುವ ಪುಸ್ತಕವನ್ನು ಮ್ಯಾನೇಜರೇ ಹರಿದು ಹಾಕಿದ್ದಾನೆ.

ದೊಡ್ಡಪ್ಪನ ಜೊತೆ ಕೆಲಸ ಮಾಡಿದ್ದ ಟೆಕ್ನಿಷಿಯನ್ ಒಬ್ಬರನ್ನು ಹುಡುಕಿ ಕರೆಸಿದೆ. ನಿವೃತ್ತರಾಗಿ ಹರಿಹರದಲ್ಲಿದ್ದರು. ಡಬ್ಬಿಗಳನ್ನು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

"ತಮ್ಮಾ, ಸಾಹೇಬ್ರು ಈ ಟ್ರೇ ಮುಟ್ಟೋಕೆ ನಮ್ಮನ್ನೂ ಬಿಡ್ತಿರಲಿಲ್ಲ. ವರ್ಷದ ಪ್ರಕಾರ ಬೇಕಿದ್ರೆ ಅವ್ರೇ ಜೋಡಿಸ್ಕೊಂತಿದ್ರಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರು ಮತ್ತು ಒಬ್ಬ ಪಿಜಿ ಹುಡುಗಿ ಕೂತು, ಮೈಕ್ರೋಸ್ಕೋಪಿನಲ್ಲಿ ನೋಡಿ, ಶಿಲೀಂಧ್ರ ಯಾವುದು ಬ್ಯಾಕ್ಟೀರಿಯಾ ಯಾವುದು ಅಂತ ಸುಮಾರಾಗಿ ಬೇರೆ ಮಾಡಿದರು. ಊರು, ಕೆಲಸ, ವರ್ಷಗಳ ಲೆಕ್ಕವನ್ನು ಗಾಜು ಹೇಳುವುದಿಲ್ಲ. ಅದು ಹೋಯಿತು.

ಆರ್ಕೈವ್, ಅಂದರೆ ಹಳೆಯ ದಾಖಲೆ ಕಾಪಾಡುವ ಕೆಲಸದವರನ್ನು ಕೇಳಿದರೆ ಅವರು ಮೊದಲು ಹೇಳುವುದೇ ಇದನ್ನು: ಇಟ್ಟವರು ಹೇಗೆ ಇಟ್ಟಿದ್ದರೋ ಹಾಗೇ ಇರಲಿ. ನನಗೆ ಅದು ತಡವಾಗಿ ಗೊತ್ತಾಯಿತು. ನಿಮ್ಮ ಹತ್ತಿರ ಇನ್ನೂ ಸಮಯ ಇದೆ. ಮೊಬೈಲ್ ತೆಗೆದುಕೊಂಡು ಬಾಗಿಲಿನಿಂದ ಶುರು ಮಾಡಿ ಪ್ರತಿ ಗೋಡೆ, ಪ್ರತಿ ಶೆಲ್ಫ್, ಪ್ರತಿ ಟ್ರೇಯ ಫೋಟೋ ತೆಗೆಯಿರಿ. ಟ್ರೇಯ ಹಿಂಭಾಗ, ಮುಚ್ಚಳದ ಒಳಭಾಗ, ನಡುವೆ ಸಿಕ್ಕಿಸಿದ ಚೀಟಿ, ಬಸ್ ಟಿಕೆಟ್ ಹಿಂದೆ ಬರೆದದ್ದು, ಏನನ್ನೂ ಬಿಡಬೇಡಿ. ಆಮೇಲೆ ಪ್ರತಿ ಪೆಟ್ಟಿಗೆಗೂ ಪೆನ್ಸಿಲಿನಲ್ಲಿ ನಂಬರು ಹಾಕಿ. ಸ್ಲೈಡನ್ನು ತೊಳೆಯಬೇಡಿ, ಒರೆಸಲೂ ಬೇಡಿ. ಅಂಟಿಸಿದ ಕಾಗದದ ಲೇಬಲ್ ಕಿತ್ತು ಬಂದರೆ ಮುಗಿಯಿತು.

ಇನ್ನು 'ಹೆಸರುವಾಸಿಯೇನಲ್ಲ' ಅಂದಿರಲ್ಲ, ಆ ಮಾತೇ ನನಗೆ ಒಪ್ಪಿಗೆಯಿಲ್ಲ. ಕೋಲ್ಕತ್ತದ ಶಂಭುನಾಥ ಡೇ ಕೂಡ ಪೆಥಾಲಜಿಸ್ಟೇ. ಕಾಲರಾ ಬ್ಯಾಕ್ಟೀರಿಯಾ ಹೊರಹಾಕುವ ವಿಷವೇ ಭೇದಿಗೆ ಕಾರಣ ಅಂತ 1959ರಲ್ಲಿ ತೋರಿಸಿದರು. ಅವರು ಬದುಕಿರುವ ತನಕ ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. 1985ರಲ್ಲಿ ತೀರಿಕೊಂಡರು. ಯಾರು ದೊಡ್ಡವರು ಅನ್ನುವ ತೀರ್ಮಾನ ಮನೆ ಖಾಲಿ ಮಾಡುವ ವಾರದಲ್ಲಿ ಆಗುವಂಥದ್ದಲ್ಲ. ಅದೇ ಮೈಸೆಟೋಮಕ್ಕೆ ಆ ಹೆಸರು ಕೊಟ್ಟ ಹೆನ್ರಿ ವ್ಯಾಂಡೈಕ್ ಕಾರ್ಟರ್ ಮುಂಬಯಿಯಲ್ಲಿ ಕೆಲಸ ಮಾಡಿದವರು. ಅವರ ದಿನಚರಿ, ಪತ್ರಗಳು ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ಇವತ್ತಿಗೂ ಓದಲು ಸಿಗುತ್ತವೆ. ನಮ್ಮ ದೊಡ್ಡಪ್ಪನ ಟ್ರೇ ಮಾತ್ರ ಕಸದ ಗಾಡಿಗೆ ಹೋಯಿತು.

ಸ್ಕ್ಯಾನ್ ಮಾಡಿದರೆ ಸಾಕಲ್ಲ ಅನ್ನುವುದೂ ತಪ್ಪು ಲೆಕ್ಕ. ಕಾಗದಕ್ಕೆ ಸ್ಕ್ಯಾನ್ ಸರಿ. ಸ್ಲೈಡಿಗೆ ಅರ್ಧ ಸರಿ. ಮೇಣದ ಬ್ಲಾಕಿಗೆ ಅದರಿಂದ ಏನೂ ಉಪಯೋಗ ಇಲ್ಲ. ಸ್ಲೈಡಿನ ಗುಲಾಬಿ ಬಣ್ಣ, ಅಂದರೆ ಇಯೋಸಿನ್, ಬೆಳಕಿಗೆ ಮಾಸುತ್ತದೆ. ಬ್ಲಾಕ್ ಇದ್ದರೆ ಅದರಿಂದ ಹೊಸ ಸೆಕ್ಷನ್, ಅಂದರೆ ತೆಳು ಪದರ, ಕತ್ತರಿಸಿ ಮತ್ತೆ ಸ್ಟೇನ್ ಮಾಡಬಹುದು. ಅದರೊಳಗಿನ ಜೀನುಗಳನ್ನೂ ಓದಬಹುದು. 1918ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ಸೇನಾ ಶಿಬಿರದಲ್ಲಿ 21 ವರ್ಷದ ಸೈನಿಕನೊಬ್ಬ ಫ್ಲೂ ಬಂದು ಸತ್ತ. ಅವನ ಶ್ವಾಸಕೋಶದ ಚೂರನ್ನು ಮೇಣದಲ್ಲಿ ಇಟ್ಟಿದ್ದರು. ಜೆಫ್ರಿ ಟಾಬೆನ್‌ಬರ್ಗರ್ ತಂಡ ಅದರಿಂದಲೇ ಆ ವೈರಸ್ಸಿನ ಜೀನಿನ ತುಣುಕುಗಳನ್ನು ತೆಗೆದು 1997ರಲ್ಲಿ ಪ್ರಕಟಿಸಿತು. ಅದನ್ನು ಎತ್ತಿಟ್ಟವರಿಗೆ ಡಿಎನ್‌ಎ, ಆರ್‌ಎನ್‌ಎ ಓದುವ ಕಾಲ ಬರುತ್ತದೆ ಅಂತ ಕನಸೂ ಇರಲಿಲ್ಲ. ನಂಬರು ಹಾಕಿ ಇಟ್ಟಿದ್ದರು, ಅಷ್ಟೇ.

ಹಾಗಾಗಿ ಬ್ಲಾಕಿನ ಮೇಲೆ ಮೊದಲು ಗಮನ ಕೊಡಿ. ಆ ಮೇಣ ಕರಗುವುದು ಸುಮಾರು 56ರಿಂದ 60 ಡಿಗ್ರಿಗೆ. ದಾವಣಗೆರೆಯ ಏಪ್ರಿಲ್ ಅಷ್ಟಿಲ್ಲ, ನಿಜ. ಆದರೆ ಆರ್‌ಸಿಸಿ ತಾರಸಿಯ ಕೆಳಗಿನ ಸಜ್ಜದ ಮೇಲೆ ಇಟ್ಟರೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಲಿ ಮೇಣವನ್ನೂ ಕಡಿಯುತ್ತದೆ. ಕೆಳಗಿನ ಕೋಣೆಯ ಕಬ್ಬಿಣದ ಬೀರು ಒಳ್ಳೆಯದು. ಕಾಗದಕ್ಕೆ ಲ್ಯಾಮಿನೇಷನ್ ಬೇಡವೇ ಬೇಡ, ಸೆಲ್ಲೋಟೇಪೂ ಬೇಡ. ತುಕ್ಕು ಹಿಡಿದ ಗುಂಡುಪಿನ್ ನಿಧಾನವಾಗಿ ತೆಗೆಯಿರಿ, ಆದರೆ ಜೊತೆಗಿದ್ದ ಹಾಳೆಗಳು ಜೊತೆಗೇ ಇರಲಿ. ಗೋಡೆಗೂ ನೆಲಕ್ಕೂ ತಾಗದ ಹಾಗೆ ಇಟ್ಟರೆ ಗೆದ್ದಲಿನ ಕಾಟ ಕಡಿಮೆ. ಹಳೆಯ ಫಿಲ್ಮಿನಿಂದ ವಿನೆಗರ್ ವಾಸನೆ ಬಂದರೆ ಅದು ಕೆಡಲು ಶುರುವಾಗಿದೆ. ಅದನ್ನು ಬೇರೆ ಇಡಿ, ಸ್ಕ್ಯಾನ್ ಮಾಡಲೇಬೇಕು ಅಂದರೆ ಮೊದಲ ಸರದಿ ಅದರದ್ದು. ಪತ್ರಿಕೆಗಳಲ್ಲಿ ಅಚ್ಚಾದ ಸಂಶೋಧನಾ ಲೇಖನಗಳ ರೀಪ್ರಿಂಟುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವು ಲೈಬ್ರರಿಗಳಲ್ಲಿ ಇರುತ್ತವೆ. ವಿಚಿತ್ರ ಅಂದರೆ ಎಲ್ಲರೂ ಬೈಂಡ್ ಮಾಡಿಸಿ ಇಡುವುದು ಅವನ್ನೇ.

ಜಾಡಿಗಳನ್ನು ನೀವಾಗಿ ತೆರೆಯಬೇಡಿ, ಮೋರಿಗಂತೂ ಸುರಿಯಲೇಬೇಡಿ. ಫಾರ್ಮಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಅಂತ 2004ರಲ್ಲೇ ತೀರ್ಮಾನ ಆಗಿದೆ. ಅಂಗಾಂಶವಿರುವ ಜಾಡಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಕೆಳಗೆ ಬರುತ್ತವೆ. ಯಾವುದಾದರೂ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಫೋನ್ ಮಾಡಿದರೆ ಮ್ಯೂಸಿಯಮ್ಮಿಗೆ ಬೇಕಾದದ್ದನ್ನು ಇಟ್ಟುಕೊಂಡು, ಉಳಿದದ್ದಕ್ಕೆ ದಾರಿ ಹೇಳುತ್ತಾರೆ. ಇನ್ನೊಂದು ಮಾತು, ಹಳೆಯ ಸ್ಟೇನ್ ಬಾಟಲಿಗಳ ನಡುವೆ ಪಿಕ್ರಿಕ್ ಆ್ಯಸಿಡ್ ಇರಬಹುದು. ಹಳದಿ ಪುಡಿ ಒಣಗಿ ಮುಚ್ಚಳಕ್ಕೆ ಕಚ್ಚಿಕೊಂಡಿದ್ದರೆ ಮುಟ್ಟಬೇಡಿ. ಅದು ಸಿಡಿಯುವ ವಸ್ತು.

ಎಲ್ಲವನ್ನೂ ಒಂದೇ ಕಡೆ ಕೊಟ್ಟುಬಿಡುವುದು ನನಗೆ ಇಷ್ಟವಿಲ್ಲ. ಹಾರ ಹಾಕಿ, ಶಾಲು ಹೊದಿಸಿ ತೆಗೆದುಕೊಳ್ಳುತ್ತಾರೆ, ಮುಖ್ಯಸ್ಥರು ಬದಲಾದ ಮೇಲೆ ಯಾವ ಗೋಡೌನಿಗೆ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಸ್ಲೈಡು, ಬ್ಲಾಕು ಪೆಥಾಲಜಿ ವಿಭಾಗಕ್ಕೆ ಹೋಗಲಿ. ನೋಟ್‌ಬುಕ್, ಪತ್ರ, ದಿನಚರಿ ಆರ್ಕೈವ್‌ಗೆ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 2019ರಿಂದ ವಿಜ್ಞಾನಿಗಳ ಕಾಗದಪತ್ರಕ್ಕೇ ಒಂದು ಆರ್ಕೈವ್ ಇದೆ. ಅವರಿಗೆ ಬರೆದು ಕೇಳಿ. ಎರಡೂ ಕಡೆ ಒಂದೇ ಪಟ್ಟಿಯ ಪ್ರತಿ ಇರಬೇಕು, ಯಾವ ಪುಸ್ತಕದ ಯಾವ ಸಾಲು ಯಾವ ಟ್ರೇಗೆ ಸೇರಿದ್ದು ಅಂತ. ಸಹಿ ಮಾಡಿದ ರಸೀದಿ ಇಲ್ಲದೆ ಒಂದು ಡಬ್ಬಿಯನ್ನೂ ಕೊಡಬೇಡಿ. ಸಂಕೋಚ ಬೇಡ, ಕೇಳಿ.

ರದ್ದಿ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ಕಾಗದಗಳಲ್ಲಿ ರೋಗಿಗಳ ಹೆಸರಿದೆ, ಊರಿದೆ, ಕಾಯಿಲೆ ಇದೆ. ನಮ್ಮ ಊರಲ್ಲಿ ರದ್ದಿ ಕಾಗದ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಯಾರದ್ದೋ ತಾಯಿಯ ಬಯಾಪ್ಸಿ ರಿಪೋರ್ಟಿನಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಕೊಡುವುದು ಬೇಡ. ಹೆಸರಿರುವ ಪುಸ್ತಕಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ, ಹೆಸರು ಬಹಿರಂಗ ಮಾಡಬಾರದು ಅಂತ ಬರೆದುಕೊಟ್ಟು ಒಪ್ಪಿಸಿ. ಆರ್ಕೈವ್‌ನವರಿಗೆ ಇದು ಹೊಸದೇನಲ್ಲ.

ನಿಮ್ಮ ಮಾವನ ಜೊತೆ ಕೆಲಸ ಮಾಡಿದ ಟೆಕ್ನಿಷಿಯನ್ ಯಾರಾದರೂ ಇದ್ದರೆ ಈ ವಾರವೇ ಮನೆಗೆ ಕರೆಯಿರಿ. ಟ್ರೇ ಎದುರಿಗಿಟ್ಟು, ಇದು ಯಾಕೆ ಹೀಗಿದೆ ಅಂತ ಒಂದೊಂದಾಗಿ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆ ಕೊಳ್ಳುವವರಿಗೆ ಇನ್ನೊಂದು ತಿಂಗಳು ಬೇಕು ಅಂತ ಹೇಳಿ. ಒಪ್ಪದಿದ್ದರೆ ಆ ಕೋಣೆಯ ಸಾಮಾನನ್ನು ಟ್ರೇ ಸಮೇತ ಇದ್ದ ಹಾಗೇ ಸಾಗಿಸಿ, ಅಲ್ಲಿ ಹೋದ ಮೇಲೂ ಜೋಡಿಸಲು ಹೋಗಬೇಡಿ.