ಕೆಲಸಕ್ಕೂ ಮನೆಗೂ ಒಂದೇ ಸೆಕೆಂಡ್ ಹ್ಯಾಂಡ್ ವ್ಯಾನ್: ಓಮ್ನಿನಾ, ಈಕೋನಾ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯಲ್ಲಿ ವೈರಿಂಗ್, ಪ್ಲಂಬಿಂಗ್ ಕೆಲಸ ಮಾಡುತ್ತೀರಿ. ಮನೆಯಲ್ಲಿ ತಾಯಿ ಸೇರಿ ಐದು ಜನ. ವಾರವಿಡೀ ಸಾಮಾನು ಹೊರಬೇಕು, ಭಾನುವಾರ ಮನೆಯವರನ್ನು ಕರೆದುಕೊಂಡು ಎಲ್ಲಾದರೂ ಹೋಗಬೇಕು. ಕೈಯಲ್ಲಿ ಮೂರು ಲಕ್ಷ ಇದೆ. ಓಮ್ನಿ ತಗೊಳ್ಳಲಾ, ಈಕೋ ತಗೊಳ್ಳಲಾ, ಹಳೇ ಇನ್ನೋವಾ ಸಿಕ್ಕರೆ ನೋಡಲಾ?

ನಾನು ತೀರ್ಥಹಳ್ಳಿ ಕಡೆಯವನು. ಇನ್ವರ್ಟರ್ ಬ್ಯಾಟರಿ, ಸೋಲಾರ್ ವಾಟರ್ ಹೀಟರ್ ಸರ್ವಿಸ್ ಮಾಡುತ್ತೇನೆ. ಮೊದಲು ಏಳು ವರ್ಷ ಓಮ್ನಿ ಇತ್ತು, 2021ರಿಂದ ಈಕೋ ಇದೆ. ಎರಡೂ ಸೆಕೆಂಡ್ ಹ್ಯಾಂಡೇ. ನನ್ನನ್ನು ಕೇಳಿದರೆ ಐದು ಸೀಟಿನ, ಎಸಿ ಇರುವ, ವೈಟ್ ಬೋರ್ಡಿನ ಪೆಟ್ರೋಲ್ ಈಕೋ. ಆದರೆ ಇಷ್ಟು ಹೇಳಿ ಬಿಟ್ಟರೆ ನೀವು ನಾಳೆಯೇ ಯಾವುದೋ ತುಕ್ಕು ಹಿಡಿದ ಈಕೋ ತಂದು ನನ್ನನ್ನು ಬೈಯುತ್ತೀರಿ.

ಮೊದಲು ಒಂದು ಸೀರೆಯ ಕಥೆ ಹೇಳುತ್ತೇನೆ. ಓಮ್ನಿ ಇದ್ದಾಗ ವಾರದ ದಿನಗಳಲ್ಲಿ ಹಿಂದಿನ ಸೀಟು ಬಿಚ್ಚಿ ಮನೆಯಲ್ಲಿ ಇಟ್ಟಿರುತ್ತಿದ್ದೆ. ಶನಿವಾರ ರಾತ್ರಿ ಬ್ಯಾಟರಿ ಇಳಿಸಿ, ನೆಲ ಒರೆಸಿ, ಸೀಟಿಗೆ ಮತ್ತೆ ಬೋಲ್ಟ್ ಹಾಕಿ ಕೂರಿಸಬೇಕು. ಒಂದು ಭಾನುವಾರ ಹೊರನಾಡಿಗೆ ಹೊರಟೆವು. ಅಮ್ಮ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಎರಡು ದಿನ ಬಿಟ್ಟು ಒಗೆದಾಗ ಅಂಚಿನ ಹತ್ತಿರ ಹನ್ನೊಂದು ತೂತು! ಬ್ಯಾಟರಿ ಆಸಿಡ್. ನೆಲವೆಲ್ಲ ಒರೆಸಿದ್ದೆ, ಸೀಟಿನ ಕಬ್ಬಿಣದ ಕಾಲಿನ ಸಂದಿ ಒರೆಸಿರಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಮುಂದಿನ ಸಲ ಕರೆದಾಗ ಮಾತ್ರ "ನೀವು ಹೋಗಿ ಬನ್ನಿ, ನನಗೆ ಮಂಡಿ ನೋವು" ಅಂದರು.

ಅವತ್ತಿನಿಂದ ನಾನು ವ್ಯಾನ್ ಅಳೆಯುವುದು ಒಂದೇ ಲೆಕ್ಕದಲ್ಲಿ. ಶನಿವಾರ ಸಂಜೆ ಕೆಲಸದ ಗಾಡಿ ಮನೆಯ ಗಾಡಿ ಆಗುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಗಂಟೆ ಬೇಕಾದರೆ ಎರಡು ತಿಂಗಳಲ್ಲಿ ತಿರುಗಾಟ ನಿಂತುಹೋಗುತ್ತದೆ. ಶನಿವಾರ ರಾತ್ರಿ ಸ್ಪ್ಯಾನರ್ ಹಿಡಿಯುವ ಉಮೇದು ಯಾರಿಗಿರುತ್ತದೆ? ಹತ್ತು ನಿಮಿಷದಲ್ಲಿ ಆಗಬೇಕು. ಸೀಟು ಬಿಚ್ಚುವ ಮಾತೇ ಬರಬಾರದು. ಅಲ್ಲದೆ ಆರ್‌ಸಿಯಲ್ಲಿ ಇರುವ ಸೀಟು ಗಾಡಿಯಲ್ಲಿ ಇಲ್ಲದಿದ್ದರೆ, ಏನಾದರೂ ಆದಾಗ ಇನ್ಶೂರೆನ್ಸಿನವರಿಗೆ ತಕರಾರು ಮಾಡಲು ನಾವೇ ದಾರಿ ಮಾಡಿಕೊಟ್ಟಂತೆ.

ಈ ಲೆಕ್ಕದಲ್ಲಿ ಐದು ಸೀಟಿನ ಈಕೋ ಗೆಲ್ಲುತ್ತದೆ. ಹಿಂದಿನ ಸೀಟಿನ ಬೆನ್ನಿಗೆ ಇರುವ ಜಾಗದಲ್ಲೇ ನಿಮ್ಮ ಡ್ರಿಲ್, ಟೂಲ್ ಬಾಕ್ಸ್, ವೈರ್ ಕಾಯಿಲ್, ಫಿಟಿಂಗ್ಸ್ ಎಲ್ಲ ಕೂರುತ್ತದೆ. ಜನ ಕೂರುವ ಜಾಗಕ್ಕೆ ಕೈ ಹಚ್ಚುವುದೇ ಬೇಡ. ಏಳು ಸೀಟಿನದು ತಗೊಂಡರೆ ಆ ಜಾಗವನ್ನು ಮೂರನೇ ಸಾಲು ತಿನ್ನುತ್ತದೆ. ಅದರಲ್ಲಿ ಕಂಪನಿಯ ಎಸಿಯೂ ಇರುವುದಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಈಕೋದ ಇಂಜಿನ್ ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ಶಾಖವೂ ಅಲ್ಲಿಂದಲೇ ಬರುತ್ತದೆ.

20 ಅಡಿ ಪೈಪು ಹೇಗೆ ಸಾಗಿಸೋದು ಅಂತಲೂ ಯೋಚಿಸುತ್ತಿರಬಹುದು. ಅದು ಯಾವ ವ್ಯಾನಿನ ಒಳಗೂ ಹೋಗುವುದಿಲ್ಲ. ಅಂಗಡಿಯ ಎದುರು ನಿಂತಿರುವ ಲಗೇಜ್ ಆಟೋಗೆ ಬಾಡಿಗೆ ಕೊಡಿ. ತಿಂಗಳಿಗೆ ಎರಡು ಸಲ ಬರುವ ಹೊರೆಗಾಗಿ ದಿನವೂ ದೊಡ್ಡ ಗಾಡಿ ಓಡಿಸುವುದು ದಂಡ.

ಓಮ್ನಿ ಬಗ್ಗೆ ನನಗೆ ಪ್ರೀತಿ ಇದೆ. 796 ಸಿಸಿ ಇಂಜಿನ್, ಎಲ್ಲಿ ಬೇಕಾದರೂ ನುಗ್ಗುತ್ತಿತ್ತು, ಯಾವ ಹಳ್ಳಿಯ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಿದ್ದ. ಆದರೆ ಅದು ನಿಂತಿದ್ದು 2019ರಲ್ಲಿ. ಅಂದರೆ ಎಷ್ಟೇ ಹೊಸದು ಹುಡುಕಿದರೂ ಅದಕ್ಕಿಂತ ಈಚಿನದು ಸಿಗುವುದಿಲ್ಲ. ಅಗ್ಗಕ್ಕೆ ಬರುವ ಬಹುಪಾಲು ಗಾಡಿಗಳು 15 ವರ್ಷದ ಅಂಚಿನಲ್ಲಿ ಇರುತ್ತವೆ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಣ. 15 ದಾಟಿದ ಕಾರಿಗೆ ಆ ಶುಲ್ಕ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿದೆ. ಅಗ್ಗ ಅಂತ ತಗೊಂಡಿದ್ದು ಅಲ್ಲಿಗೇ ಸರಿಹೋಯಿತು. ಇನ್ನು 8 ಸೀಟಿನ ಓಮ್ನಿಯಲ್ಲಿ ನಡುವಿನ ಸಾಲು ಹಿಂದಕ್ಕೆ ಮುಖ ಮಾಡಿರುತ್ತದೆ. ಮಕ್ಕಳನ್ನು ಅದರಲ್ಲಿ ಕೂರಿಸಿ ಘಾಟಿ ಇಳಿದು ನೋಡಿ, ವಾಂತಿ ಬಂದರೆ ಹಿಂದಿನ ಸೀಟಿನವರ ಮಡಿಲೇ ಗತಿ.

ಮೂರು ಲಕ್ಷಕ್ಕೆ ಸಿಗುವ ಇನ್ನೋವಾ ಸಾಮಾನ್ಯವಾಗಿ ಜಗತ್ತು ಸುತ್ತಿ ಸುಸ್ತಾದ ಡೀಸೆಲ್ ಗಾಡಿ. ಕೂರಲು ಸೊಗಸು, ಒಪ್ಪುತ್ತೇನೆ. ಆದರೆ ಅದರ ಒಂದು ರಿಪೇರಿ ಬಿಲ್ಲಿನಲ್ಲಿ ಈಕೋ ಆರು ತಿಂಗಳು ಓಡುತ್ತದೆ. ಅದರೊಳಗೆ ಸಿಮೆಂಟ್ ಮೆತ್ತಿದ ಪೈಪ್ ಎಸೆಯಲು ನಿಮಗೆ ಮನಸ್ಸೂ ಬರುವುದಿಲ್ಲ. ನನ್ನ ಭಾವ ಒಂದು ತಗೊಂಡು, ಕೆಲಸಕ್ಕೆ ಮತ್ತೆ ಸ್ಕೂಟರಿನಲ್ಲೇ ಹೋಗುತ್ತಿದ್ದಾನೆ.

ಈಕೋದ ಕೆಟ್ಟ ಮುಖವನ್ನೂ ಹೇಳಿಬಿಡುತ್ತೇನೆ. ಮುಂದೆ ಮೂತಿ ಚಿಕ್ಕದು, ಕಾಲಿನ ಎದುರಿಗೆ ಹೆಚ್ಚು ಲೋಹ ಇಲ್ಲ. 2016ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಏರ್‌ಬ್ಯಾಗ್ ಇಲ್ಲದ ಈಕೋವನ್ನು ಗುದ್ದಿಸಿ ನೋಡಿದಾಗ ಬಂದಿದ್ದು ಸೊನ್ನೆ ಸ್ಟಾರ್. ಡ್ರೈವರ್ ಏರ್‌ಬ್ಯಾಗ್, ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವುದು) ಬಂದಿದ್ದು 2019ರಲ್ಲಿ. ನಿಮ್ಮ ಬಜೆಟ್ ಸ್ವಲ್ಪ ಎಳೆದರೆ 2019ರ ಕೊನೆಯ ಅಥವಾ ಆಮೇಲಿನ ಗಾಡಿ ಸಿಗುತ್ತದಾ ನೋಡಿ, ಅದಕ್ಕೆ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ನನ್ನದು 2015ರದ್ದು, ಎರಡೂ ಇಲ್ಲ. ಅದಕ್ಕೇ ಹೈವೇಯಲ್ಲಿ 80ರ ಮೇಲೆ ಹೋಗುವುದಿಲ್ಲ, ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸುತ್ತೇನೆ. ಹಳೇ ಈಕೋಗೆ ಪವರ್ ಸ್ಟೀರಿಂಗ್ ಕೂಡ ಇಲ್ಲ. ಪೇಟೆಯಲ್ಲಿ ಪಾರ್ಕಿಂಗ್ ಮಾಡುವಾಗ ಭುಜಕ್ಕೆ ಗೊತ್ತಾಗುತ್ತದೆ.

ಘಾಟಿಯಲ್ಲಿ ಇದು ಎತ್ತರದ, ಕಿರಿದಾದ ಗಾಡಿ ಅನ್ನುವುದು ನೆನಪಿರಲಿ. ತಿರುವಿನಲ್ಲಿ ಓಲಾಡುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ನಾನು ಮೊದಲ, ಎರಡನೇ ಗೇರಿನಲ್ಲೇ ಏರುವುದು, ಅದೇ ಗೇರಿನಲ್ಲೇ ಇಳಿಯುವುದು. ತಳ್ಳುವುದು ಹಿಂದಿನ ಚಕ್ರ. ಸಾಮಾನು ತುಂಬಿದ್ದಾಗ ಹಿಡಿತ ಚೆನ್ನಾಗಿರುತ್ತದೆ, ಖಾಲಿ ಗಾಡಿ ಮಳೆಗಾಲದ ಕೆಸರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಮಳೆಗಾಲದಲ್ಲಿ ನಾನು ಒಂದು ಹಳೇ ಬ್ಯಾಟರಿಯನ್ನು ಬೇಕಂತಲೇ ಹಿಂದೆ ಬಿಟ್ಟಿರುತ್ತೇನೆ. ಆಸಿಡ್ ಖಾಲಿ ಮಾಡಿದ್ದು, ಗಾಬರಿಯಾಗಬೇಡಿ.

ಈಗ ಗಾಡಿ ನೋಡುವ ವಿಷಯ. ಮೊದಲು ಯಾರು ಓಡಿಸಿದ್ದರು ಅನ್ನುವುದನ್ನು ಪತ್ತೆ ಮಾಡಿ. ಮೀಟರನ್ನು ನಂಬಬೇಡಿ. 42,000 ಕಿಲೋಮೀಟರ್ ತೋರಿಸುತ್ತಿದ್ದ ಒಂದು ಗಾಡಿಯ ಕ್ಲಚ್ ಪೆಡಲ್ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು. ಜಾರುಬಾಗಿಲಿನ ಕೆಳಗಿನ ಮೆಟ್ಟಿಲು ನುಣ್ಣಗಾಗಿತ್ತು. ಸ್ಕೂಲ್ ಮಕ್ಕಳನ್ನು ಹೊತ್ತ ಗಾಡಿ ಅದು. ಜಾರುಬಾಗಿಲು ಎರಡನ್ನೂ ಹತ್ತು ಹತ್ತು ಸಲ ತೆಗೆದು ಹಾಕಿ ನೋಡಿ. ನಿಮ್ಮ ತಾಯಿಯೇ ತೆಗೆಯಲಿ. ರೋಲರ್ ಸವೆದಿದ್ದರೆ ಕೊನೆಯಲ್ಲಿ ಎತ್ತಿ ತಳ್ಳಬೇಕಾಗುತ್ತದೆ. ಅವರಿಗೆ ಆಗದಿದ್ದರೆ ಹಾಗೇ ಬಿಟ್ಟು ಬನ್ನಿ, ಇಲ್ಲ ರೋಲರಿನ ದುಡ್ಡು ಕಳೆದು ರೇಟು ಮಾತಾಡಿ.

ತುಕ್ಕು ಇದರ ದೊಡ್ಡ ಶತ್ರು. ಮ್ಯಾಟ್ ಎತ್ತಿ. ಮಾರುವವನು "ಅದೆಲ್ಲ ಯಾಕೆ ಸಾರ್" ಅಂದರೆ ಎರಡು ಮ್ಯಾಟ್ ಎತ್ತಿ. ಹಿಂಬಾಗಿಲ ಕೆಳಗಿನ ಅಂಚು, ಬಾಗಿಲು ಜಾರುವ ಹಳಿ, ಮುಂದಿನ ಚಕ್ರದ ಮೇಲಿನ ಕಮಾನು ಇವನ್ನು ಬೆರಳಿನಿಂದ ಒತ್ತಿ. ಕರಾವಳಿಯಲ್ಲೇ ಇದ್ದ ಗಾಡಿ, ಅಂದರೆ ಕೆಎ-19, ಕೆಎ-20 ನಂಬರಿನದು, ಹೊರಗೆ ಫಳಫಳ ಹೊಳೆದರೂ ಉಪ್ಪು ಗಾಳಿ ಅಡಿಯಲ್ಲಿ ಕೆಲಸ ಮಾಡಿರಬಹುದು. ಹೊಸದಾಗಿ ಕಪ್ಪು ಡಾಂಬರಿನಂಥ ಕೋಟಿಂಗ್ ಬಳಿದಿದ್ದರೆ ನನಗೆ ಇನ್ನೂ ಅನುಮಾನ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೀರಿನಲ್ಲಿ ನಿಂತಿತ್ತು ಅಂತ.

ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಇದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಆಮೇಲೆ ಐದು ಜನ ಕೂತು, ಎಸಿ ಹಾಕಿ, ಒಂದು ಏರು ಹತ್ತಿಸಿ. ಒಬ್ಬರೇ ಖಾಲಿ ರಸ್ತೆಯಲ್ಲಿ ಓಡಿಸಿದರೆ ಎಲ್ಲ ಗಾಡಿಯೂ ಚೆನ್ನಾಗೇ ಇರುತ್ತದೆ. ಗೇರ್ ಬದಲಿಸುವಾಗ ಅಡಿಯಿಂದ 'ಟಕ್' ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಹೋಗಿದೆ. ಅದು ದೊಡ್ಡ ಖರ್ಚಲ್ಲ. 50, 60ರ ವೇಗದಲ್ಲಿ ಹಿಂದಿನಿಂದ 'ಗುಂಯ್' ಅನ್ನುತ್ತಲೇ ಇದ್ದರೆ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಗುಂಡು, ಹೋಗಿದೆ. ಅದು ಖರ್ಚು. ಟೈರಿನ ಮೇಲಿನ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಸಿಎನ್‌ಜಿ ಬೇಕಾ? ದಾವಣಗೆರೆಯ ಒಳಗೇ ಓಡಾಟ ಜಾಸ್ತಿ ಇದ್ದರೆ ಉಳಿತಾಯ ನಿಜ. ಆದರೆ ಸಿಲಿಂಡರ್ ತಿನ್ನುವುದು ನಿಮಗೆ ಬೇಕಾದ ಆ ಹಿಂದಿನ ಜಾಗವನ್ನೇ. ಹೊರಗೆ ಕೂರಿಸಿದ ಕಿಟ್ ಆದರೆ ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿದ ಚೀಟಿ ಇರಬೇಕು.

ಈಕೋ ಕಾರ್ಗೋ ಅಂತ ಹಳದಿ ಬೋರ್ಡಿನದು ಕಡಿಮೆ ರೇಟಿಗೆ ಸಿಗುತ್ತದೆ, ಬ್ರೋಕರುಗಳು ಅದನ್ನೇ ಮುಂದೆ ತಳ್ಳುತ್ತಾರೆ. ಅದಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಬೇಕು. ಕೆಲವರು ಅದರ ಹಿಂದೆ ಸೀಟು ಹಾಕಿಸಿ "ಫ್ಯಾಮಿಲಿಗೂ ಆಗುತ್ತೆ" ಅನ್ನುತ್ತಾರೆ. ಆರ್‌ಸಿಯಲ್ಲಿ ಸೀಟಿಂಗ್ 2 ಅಂತ ಇದ್ದರೆ ಹಿಂದೆ ಕೂತ ನಿಮ್ಮ ತಾಯಿ, ಮಕ್ಕಳು ಇನ್ಶೂರೆನ್ಸಿನ ಕಣ್ಣಿಗೆ ಕೂತೇ ಇಲ್ಲ. ಹಾಗೆಯೇ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವ ಆಸೆಯೂ ಬೇಡ.

ಕಾಗದದ ಕಥೆ ನನಗೇ ಆಗಿದ್ದು. 2021ರಲ್ಲಿ ಒಂದು ಗಾಡಿಗೆ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟೆ. ಮಾರುವವರು ಒಳ್ಳೆಯವರೇ, ಸಾಲ ತೀರಿಸಿ ವರ್ಷವಾಗಿತ್ತು. ಆದರೆ ಸರ್ಕಾರದ ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದರೆ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಇತ್ತು. ಸಾಲ ತೀರಿದರೆ ಸಾಲದು, ಫೈನಾನ್ಸಿನವರಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ), ಸಾಲ ಮುಗಿಯಿತು ಅನ್ನುವ ಫಾರಂ 35 ತಂದು ಆರ್‌ಟಿಒದಲ್ಲಿ ಆ ಹೆಸರು ತೆಗೆಸಬೇಕು. ಅವರು ನಾಳೆ, ನಾಡಿದ್ದು ಅನ್ನುತ್ತಾ ಎರಡು ತಿಂಗಳು ಕಳೆದರು. ಅಡ್ವಾನ್ಸ್ ವಾಪಸ್ ಬಂದಿದ್ದೇ ಪುಣ್ಯ. ಅಡ್ವಾನ್ಸ್ ಕೊಡುವ ಮೊದಲೇ ಆ್ಯಪ್ ನೋಡಿ: ಸಾಲ, ಇನ್ಶೂರೆನ್ಸ್, ಎಷ್ಟನೇ ಓನರ್, ಬಾಕಿ ದಂಡ. ಹೊರ ರಾಜ್ಯದ ಗಾಡಿ ಅಗ್ಗ ಅನಿಸಿದರೆ ಇಲ್ಲಿ ಮತ್ತೆ ಕಟ್ಟಬೇಕಾದ ಲೈಫ್ ಟ್ಯಾಕ್ಸನ್ನೂ ಕೂಡಿಸಿ ನೋಡಿ.

ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಡಬೇಡಿ, ಅದೇ ವಾರ ಅರ್ಜಿ ಹಾಕಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ನೀವು ಕಟ್ಟಬೇಕು. ಮೂರು ಲಕ್ಷದಲ್ಲಿ ಗಾಡಿಗೆ ಎರಡೂಮುಕ್ಕಾಲು ಇಟ್ಟುಕೊಳ್ಳಿ. ಉಳಿದಿದ್ದು ಟೈರು, ಆಯಿಲು, ಬ್ಯಾಟರಿ, ಇನ್ಶೂರೆನ್ಸಿಗೇ ಹೋಗುತ್ತದೆ. ಸಾಲುವುದಿಲ್ಲ ಅಂತಲೂ ಅನಿಸಬಹುದು.

ತಂದ ಮೇಲೆ ಮೊದಲ ಕೆಲಸ, ಹಿಂದಿನ ಜಾಗಕ್ಕೆ ದಪ್ಪ ರಬ್ಬರ್ ಶೀಟ್. ಅದರ ಮೇಲೆ ಟೊಮೇಟೊ ಮಾರುವವರು ಇಡುವಂಥ ಪ್ಲಾಸ್ಟಿಕ್ ಕ್ರೇಟ್ ನಾಲ್ಕು. ಒಂದರಲ್ಲಿ ವೈರಿಂಗ್, ಒಂದರಲ್ಲಿ ಪ್ಲಂಬಿಂಗ್, ಒಂದರಲ್ಲಿ ಮಿಷನ್, ಒಂದು ಖಾಲಿ. ಶನಿವಾರ ಮೂರು ಕ್ರೇಟ್ ಎತ್ತಿ ಮನೆಯಲ್ಲಿ ಇಡುವುದು, ಖಾಲಿ ಇದ್ದದ್ದರಲ್ಲಿ ಬುತ್ತಿ, ನೀರು, ಚಾಪೆ ಇಡುವುದು. ನನಗೆ ಏಳು ನಿಮಿಷ ಸಾಕು. ಕ್ರೇಟುಗಳನ್ನು ಬೆಲ್ಟ್ ಹಾಕಿ ಬಿಗಿಯಿರಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಡ್ರಿಲ್ ಮಿಷನ್ ಹಾರಿ ಬರುವುದು ಹಿಂದಿನ ಸೀಟಿನವರ ತಲೆಗೇ.

ಕೊನೆಗೆ ಒಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಗಾಡಿ ಕೈಗೆ ಬಂದ ದಿನ ಬಿಳಿ ಹಾಳೆಯಲ್ಲಿ ತಾರೀಖು, ಗಂಟೆ, ಮೀಟರ್ ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ನಾನು ಬೆಳಿಗ್ಗೆ 11.40 ಅಂತ ಬರೆಸಿದಾಗ ಮಾರಿದವರು ನಕ್ಕಿದ್ದರು. ಎರಡು ತಿಂಗಳಾದ ಮೇಲೆ ಅತಿ ವೇಗದ ದಂಡದ ಚಲನ್ ಬಂತು, ಅದೇ ದಿನದ್ದು, ಬೆಳಿಗ್ಗೆ 9.15ರದ್ದು. ಹಾಳೆಯ ಫೋಟೊ ಕಳಿಸಿದೆ. ಅವರು ನಗಲಿಲ್ಲ, ದಂಡ ಕಟ್ಟಿದರು.