ಓದುಗರ ಪ್ರಶ್ನೆ: ಹವಳದ ಟ್ಯಾಂಕಿಗೆ ಕೈ ಹಾಕಿದರೆ ಜುಮ್ ಅನ್ನುತ್ತದೆ, ಏನು ಮಾಡಲಿ?

ಈ ಸಲ ಮೂರು ಪತ್ರಗಳು. ಮೂವರೂ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು. ಒಬ್ಬರಿಗೆ ಕರೆಂಟ್ ಇರುವುದೇ ತೊಂದರೆ. ಇನ್ನೊಬ್ಬರಿಗೆ ಅದು ಹೋಗುವುದು ತೊಂದರೆ. ಮೂರನೆಯವರಿಗೆ ಎರಡೂ.

ಪ್ರಶ್ನೆ: ನಮ್ಮದು ಮೂರು ಅಡಿಯ ಟ್ಯಾಂಕ್. ಒಂದು ಜೋಡಿ ಕ್ಲೌನ್ ಮೀನು, ಸ್ವಲ್ಪ ಮೆದು ಹವಳ ಇವೆ. ಹೋದ ವಾರ ಈಳಿಗೆ ತಾಗಿ ಬೆರಳು ಕೊಯ್ದಿತ್ತು. ಅದೇ ಕೈ ನೀರಿಗೆ ಹಾಕಿದಾಗ ಜುಮ್ ಅಂತು. ಟೆಸ್ಟರ್ ಹಿಡಿದರೆ ಮಂದವಾಗಿ ಉರಿಯುತ್ತದೆ. ಎಲೆಕ್ಟ್ರಿಷಿಯನ್ ನೋಡಿ, "ಇದು ಮಾಮೂಲು, ಮಣೆ ಮ್ಯಾಲೆ ನಿಂತು ಕೈ ಹಾಕ್ರಿ" ಅಂದರು. ಹಾಗೆ ಮಾಡಬಹುದೇ?
– ಗೃಹಿಣಿ, ವಿಜಯಪುರ

ಉತ್ತರ: ಬೇಡ ಅಕ್ಕಾ. ಮಣೆ ಊಟಕ್ಕೆ ಕೂಡಲು ಇರಲಿ. ಅದರ ಮೇಲೆ ನಿಂತರೆ ಕಾಲಿನಿಂದ ನೆಲಕ್ಕೆ ಕರೆಂಟ್ ಹರಿಯದೇ ಇರಬಹುದು. ಆದರೆ ಇನ್ನೊಂದು ಕೈ ಕಬ್ಬಿಣದ ಸ್ಟ್ಯಾಂಡಿಗೋ ಲೈಟಿನ ಚೌಕಟ್ಟಿಗೋ ತಾಗಿದರೆ? ಆಗ ದಾರಿ ಒಂದು ಕೈಯಿಂದ ಇನ್ನೊಂದು ಕೈಗೆ. ನಡುವೆ ಇರುವುದು ಎದೆ.

ಸಮುದ್ರದ ನೀರು ಒಳ್ಳೆಯ ಕುಡಿಯುವ ನೀರಿಗಿಂತ ನೂರು ಪಟ್ಟು, ಅದಕ್ಕೂ ಹೆಚ್ಚು ಚೆನ್ನಾಗಿ ಕರೆಂಟ್ ಹರಿಸುತ್ತದೆ. ಒಣಗಿದ ಚರ್ಮ ನಮ್ಮನ್ನು ಅಷ್ಟಿಷ್ಟು ಕಾಯುತ್ತದೆ. ಒದ್ದೆ ಕೈ, ಅದರಲ್ಲೂ ಗಾಯವಾದ ಬೆರಳು, ಆ ಕಾವಲನ್ನು ಬಿಟ್ಟುಕೊಟ್ಟಿರುತ್ತದೆ. ಗಾಯ ಆಗಿದ್ದಕ್ಕೇ ನಿಮಗೆ ಗೊತ್ತಾಯಿತು ಅಂದುಕೊಳ್ಳಿ.

ಜುಮ್ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಪಂಪಿನ ಒಳಗಿನ ಸುರುಳಿಯಿಂದ ನೀರಿಗೆ ಬರುವ ಪ್ರೇರಿತ ವೋಲ್ಟೇಜ್. ಮೀಟರಿನಲ್ಲಿ 30–40 ವೋಲ್ಟ್ ತೋರಿಸಿದರೂ ಅದರ ಹಿಂದೆ ಕರೆಂಟ್ ತೀರಾ ಕಡಿಮೆ. ಟೆಸ್ಟರ್ ಅಷ್ಟಕ್ಕೂ ಮಿಣುಕಬಹುದು. ಎರಡನೆಯದು ನಿಜವಾದ ಸೋರಿಕೆ: ಹೀಟರಿನ ಗಾಜು ಸೀಳಿದೆ, ಅಥವಾ ಪಂಪಿನ ಮೈ ಬಿರುಕು ಬಿಟ್ಟಿದೆ. ಇದು ಆಳನ್ನು ತೆಗೆಯುತ್ತದೆ. ಎರಡನ್ನೂ ಕೈ ಅದ್ದಿ ಪರೀಕ್ಷಿಸಲು ಹೋಗಬೇಡಿ. ಟೆಸ್ಟರ್ ಬಿಟ್ಟು ಮಲ್ಟಿಮೀಟರ್ ತರಿಸಿ. ಎಸಿ ವೋಲ್ಟ್‌ಗೆ ತಿರುಗಿಸಿ, ಒಂದು ಕಡ್ಡಿ ನೀರಿನಲ್ಲಿ, ಇನ್ನೊಂದು ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನಲ್ಲಿ, ಅಂದರೆ ಅರ್ತಿಂಗ್‌ನಲ್ಲಿ ಇಡಬೇಕು. ಆಮೇಲೆ ಒಂದೊಂದೇ ಪ್ಲಗ್ ಕೀಳುತ್ತ ಹೋಗಿ. ಪ್ರತಿ ಸಲ ಸ್ವಲ್ಪ ಸ್ವಲ್ಪ ಇಳಿದರೆ ಅದು ಪ್ರೇರಿತದ್ದು. ಒಂದು ಪ್ಲಗ್ ಕಿತ್ತ ಕೂಡಲೇ ಧೊಪ್ಪನೆ ಬಿದ್ದರೆ ಕಳ್ಳ ಸಿಕ್ಕ ಹಾಗೆ. ಆ ಪಂಪನ್ನು ಎಸೆಯಿರಿ. ಎಂ-ಸೀಲ್ ಮೆತ್ತಿ ಮತ್ತೆ ಇಳಿಬಿಡುವ ಆಸೆ ಬೇಡ.

ಆದರೆ ಈ ಅಳತೆ ಅರ್ತಿಂಗ್ ಸರಿ ಇದ್ದರೆ ಮಾತ್ರ ನಂಬಬಹುದು. ನಿಮ್ಮ ಊರಿನಲ್ಲಿ ಇದೇ ಪಂಚಾಯಿತಿ. ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಣ್ಣು ಅರ್ತಿಂಗ್ ಪೈಪನ್ನೇ ಬಿಟ್ಟು ಸರಿದುಕೊಳ್ಳುತ್ತದೆ. ಹತ್ತು ವರ್ಷದ ಹಿಂದೆ ಇದ್ದಿಲು, ಉಪ್ಪು ತುಂಬಿ ಮುಚ್ಚಿದ ಗುಂಡಿಗೆ ಆಮೇಲೆ ಯಾರೂ ನೀರು ಹಾಕಿರುವುದಿಲ್ಲ, ಅಲ್ವಾ? ಬೇಸಿಗೆ ಪೂರ್ತಿ ವಾರಕ್ಕೊಂದು ಬಿಂದಿಗೆ ನೀರು ಹುಯ್ಯಿರಿ. ಅರ್ತ್ ಟೆಸ್ಟರ್ ಇರುವವರನ್ನು ಕರೆಸಿ ಓಮ್ ಅಳೆಸಿ. 5ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಮಲ್ಟಿಮೀಟರಿನಲ್ಲಿ ಫೇಸ್–ಅರ್ತ್ ನಡುವೆ 230 ಬಂತು ಅಂದರೆ ಅರ್ತಿಂಗ್ ಚೆನ್ನಾಗಿದೆ ಅಂತ ಅರ್ಥವಲ್ಲ. ಕೆಟ್ಟ ಅರ್ತಿಂಗೂ ಆ ಮೀಟರಿಗೆ 230 ತೋರಿಸಬಲ್ಲದು.

ಇನ್ನು ಮುಖ್ಯ ವಿಷಯ, ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್. ಫೇಸಿನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೋ ಇಲ್ಲವೋ ಎಂದು ಅದು ಲೆಕ್ಕ ನೋಡುತ್ತಿರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರಿದೆ ಎಂದು ಕತ್ತರಿಸುತ್ತದೆ. ಟ್ಯಾಂಕಿಗೆ 30 ಮಿಲಿಆಂಪಿಯರ್‌ನದೇ ಬೇಕು. ಮೈಮೇಲೆ 0.03 ಎ ಎಂದೂ ಬರೆದಿರುತ್ತಾರೆ. ಮೇನ್ ಬೋರ್ಡಿನಲ್ಲಿ 100 ಅಥವಾ 300ರದು ಇದ್ದರೆ ಅದು ಬೆಂಕಿ ತಡೆಯಲು, ಮನುಷ್ಯರನ್ನು ಉಳಿಸಲು ಸಾಲದು. ಎಂಸಿಬಿ ಇದೆಯಲ್ಲ ಅನ್ನುವವರಿಗೆ: ಎಂಸಿಬಿ ಓವರ್‌ಲೋಡಿಗೆ, ಶಾರ್ಟ್ ಸರ್ಕ್ಯೂಟಿಗೆ. ನಿಮ್ಮ ಮೈಯಲ್ಲಿ ಹರಿಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ನಮ್ಮಲ್ಲಿ ಸಿಗುವ ಬಹಳಷ್ಟು ಪಂಪುಗಳಿಗೆ ಎರಡೇ ಪಿನ್ನು, ಅರ್ತಿಂಗ್ ವೈರೇ ಇಲ್ಲ. ಪಂಪು ಸೋರಿದರೂ ಕರೆಂಟಿಗೆ ಹೊರಗೆ ದಾರಿ ಇರುವುದಿಲ್ಲ, ಹಾಗಾಗಿ ಆರ್‌ಸಿಸಿಬಿ ಸುಮ್ನೆ ಕೂತಿರುತ್ತದೆ. ನೀವು ಕೈ ಹಾಕಿದಾಗ ನೀವೇ ದಾರಿ. ಆಗ ಅದು 0.3 ಸೆಕೆಂಡಿನೊಳಗೆ ಕತ್ತರಿಸುತ್ತದೆ. ಜೀವ ಉಳಿಯಬಹುದು, ಆದರೆ ಶಾಕ್ ತಿಂದೇ ತಿಂದಿರಿ. ಅದರ ಬದಲು ನೀರಿನಲ್ಲಿ ಒಂದು ಟೈಟೇನಿಯಂ ಅರ್ತಿಂಗ್ ಕಡ್ಡಿ ಇಳಿಬಿಟ್ಟರೆ, ಪಂಪು ಸೋರಿದಾಗಲೇ ಕತ್ತರಿಸಿಬಿಡುತ್ತದೆ. ನಿಮ್ಮ ಕೈ ಆಗ ಅಡುಗೆಮನೆಯಲ್ಲಿರಬಹುದು. ಆದರೆ ಆರ್‌ಸಿಸಿಬಿ ಇಲ್ಲದೆ ಬರೀ ಕಡ್ಡಿ ಹಾಕಬೇಡಿ. ಕರೆಂಟ್ ಹರಿಯುತ್ತಲೇ ಇರುತ್ತದೆ, ಕತ್ತರಿಸುವವರು ಯಾರೂ ಇರುವುದಿಲ್ಲ.

ಅಲ್ಲಿಯವರೆಗೆ ಒಂದೇ ನಿಯಮ. ಕೈ ಹಾಕುವ ಮುಂಚೆ ಎಲ್ಲ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರಿಂಗ್ ಉಲ್ಟಾ ಆದ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲನ್ನು ಕತ್ತರಿಸುತ್ತಿರುತ್ತದೆ.

ಪ್ರಶ್ನೆ: ಜುಲೈನಲ್ಲಿ ರಾತ್ರಿ ಎರಡಕ್ಕೆ ಹೋದ ಕರೆಂಟ್ ಬೆಳಿಗ್ಗೆ ಎಂಟಕ್ಕೆ ಬಂತು. ಎದ್ದು ನೋಡಿದರೆ ಸಂಪ್ ತುಂಬಿ ಹಾಲ್ ತುಂಬ ಉಪ್ಪುನೀರು. ಎರಡು ಮೀನು ಸತ್ತಿದ್ದವು. ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ. ಇನ್ವರ್ಟರ್ ಇದೆ, ಅದಕ್ಕೆ ನೀರು ತಂಪು ಮಾಡುವ ಚಿಲ್ಲರ್ ಸಮೇತ ಎಲ್ಲ ಜೋಡಿಸಬಹುದೇ?
– ಬ್ಯಾಂಕ್ ನೌಕರ, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲು ಸಂಪ್. (ಅಂಗಳದಲ್ಲಿ ನಲ್ಲಿ ನೀರು ತುಂಬುವ ಸಂಪ್ ಅಲ್ಲ, ಟ್ಯಾಂಕಿನ ಕೆಳಗೆ ಇಡುವ ಫಿಲ್ಟರ್ ತೊಟ್ಟಿ.) ಪಂಪು ನಿಂತ ಕೂಡಲೇ ಮೇಲಿನ ನೀರು ಕೆಳಗೆ ಇಳಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 14 ಲೀಟರ್. ಸಂಪಿನಿಂದ ನೀರನ್ನು ಮೇಲೆ ತರುವ ರಿಟರ್ನ್ ಪೈಪಿನ ಬಾಯಿ ನಾಲ್ಕು ಇಂಚು ಆಳದಲ್ಲಿದ್ದರೆ ಅದು ಹಿಮ್ಮುಖವಾಗಿ ಎಳೆದು 50 ಲೀಟರಿಗಿಂತ ಜಾಸ್ತಿ ಕೆಳಗೆ ಸುರಿಯುತ್ತದೆ. ಪೈಪಿನ ಬಾಯನ್ನು ನೀರಿನ ಮಟ್ಟದ ಹತ್ತಿರಕ್ಕೆ ತನ್ನಿ. ಮಟ್ಟದ ಸ್ವಲ್ಪ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆಯಿರಿ, ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಆ ತೂತಿನಲ್ಲಿ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ, ಒಂದು ಬಸವನಹುಳು ಕೂತರೂ ಅದು ಪೂರ್ತಿ ಮುಚ್ಚುವುದಿಲ್ಲ. ಆಮೇಲೆ ಹಗಲು ಹೊತ್ತು, ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಪಂಪ್ ಆಫ್ ಮಾಡಿ ನೋಡಿ. ನಾನು ನನ್ನ ಮೊದಲ ಟ್ಯಾಂಕಿನಲ್ಲಿ ಈ ಪರೀಕ್ಷೆ ಮಾಡಿರಲಿಲ್ಲ. ಕೆಳಗಿನ ಮನೆಯವರ ಛಾವಣಿಗೆ ಬಣ್ಣ ಹೊಡೆಸಿಕೊಟ್ಟೆ.

ನೆಲದಲ್ಲಿ ನೀರು ನಿಂತಾಗ ಅದರಲ್ಲಿ ಕಾಲಿಡುವ ಮೊದಲು ಮೇನ್ ಆಫ್ ಮಾಡಿ, ಇನ್ವರ್ಟರನ್ನೂ ಆಫ್ ಮಾಡಿ. ಮೇನ್ ತೆಗೆದರೂ ಇನ್ವರ್ಟರ್ ಕೊಡುತ್ತಲೇ ಇರುತ್ತದೆ. ಇದನ್ನು ಮರೆಯುವವರೇ ಜಾಸ್ತಿ.

ಇನ್ನು ಮೀನು. ಅವು ಸತ್ತಿದ್ದು ಹೆಚ್ಚಾಗಿ ಆಮ್ಲಜನಕ ಸಾಲದೆ ಇರಬೇಕು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ರಾತ್ರಿ ಹವಳ, ಪಾಚಿ, ಮೀನು ಎಲ್ಲವೂ ಅದನ್ನೇ ಉಸಿರಾಡುತ್ತವೆ. ನೀರಿನ ಮೇಲ್ಮೈ ಅಲುಗದಿದ್ದರೆ ತುಂಬಿದ ಟ್ಯಾಂಕ್ ಕೆಲವೇ ಗಂಟೆಯಲ್ಲಿ ಉಸಿರುಗಟ್ಟುತ್ತದೆ. ಹಾಗಾಗಿ ಮೊದಲು ನೀರಿನ ಓಡಾಟ, ಆಮೇಲೆ ಬಿಸಿ-ತಂಪು. ಲೈಟ್ ಕೊನೆಗೆ. ಒಂದೆರಡು ದಿನ ಬೆಳಕಿಲ್ಲದಿದ್ದರೆ ಹವಳಕ್ಕೇನೂ ಆಗುವುದಿಲ್ಲ.

ಈಗ ಇನ್ವರ್ಟರಿನ ಲೆಕ್ಕ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಕೈಗೆ ಸಿಗುವುದು ಸಾವಿರದ ಆಸುಪಾಸು. ರಿಟರ್ನ್ ಪಂಪ್ 40, ಟ್ಯಾಂಕಿನೊಳಗೆ ನೀರು ಆಡಿಸುವ ವೇವ್‌ಮೇಕರ್ 10 ವ್ಯಾಟ್ ಅಂದುಕೊಂಡರೆ ಸುಮಾರು 20 ಗಂಟೆ ಓಡುತ್ತದೆ. ಅದಕ್ಕೇ ಮನೆಯ ಮೂರು ಹಳೆಯ ಫ್ಯಾನ್ ಸೇರಿಸಿ, ನಾಲ್ಕು ಗಂಟೆಯೂ ಬರುವುದಿಲ್ಲ. ಚಿಲ್ಲರ್ ಹಾಕಿದರಂತೂ ಮುಗಿಯಿತು. ಅದರ ಕಂಪ್ರೆಸರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ, ಇನ್ವರ್ಟರ್ ಕೂಗಿ ಬಂದ್ ಆಗುತ್ತದೆ. ಪಂಪೂ ಹೋಯಿತು, ಫ್ಯಾನೂ ಹೋಯಿತು. ಚಿಲ್ಲರ್ ಬೇಡವೇ ಬೇಡ. ಬೆಳಗಾವಿಯ ಜುಲೈನಲ್ಲಿ ಅದರ ಅವಶ್ಯಕತೆಯೂ ಇಲ್ಲ.

ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಎಸಿ ಪಂಪುಗಳು ಗುಂಯ್‌ಗುಡುತ್ತ ಬಿಸಿಯಾಗುತ್ತವೆ. ಸೈನ್ ವೇವ್ ಇರಲಿ. ಡಿಸಿ ಪಂಪ್ ಇದ್ದರೆ ಒಮ್ಮೆ ಪ್ಲಗ್ ಕಿತ್ತು ಹಾಕಿ ನೋಡಿ, ತಾನಾಗಿ ಶುರುವಾಗಬೇಕು. ಕೆಲವು ಗುಂಡಿ ಒತ್ತುವವರೆಗೂ ಮಲಗಿರುತ್ತವೆ. ಬ್ಯಾಟರಿಯನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಡಬೇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ.

ಇದೆಲ್ಲದರ ಮೇಲೆ, ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದನ್ನು ತೂಗುಹಾಕಿ. ಇನ್ವರ್ಟರ್ ಕೈಕೊಟ್ಟರೂ ಅದು ಇರುತ್ತದೆ. ಏನೂ ಇಲ್ಲದ ರಾತ್ರಿ ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಹುಯ್ಯುತ್ತಿರಿ. ಊಟ ಹಾಕಬೇಡಿ.

ವಿಜಯಪುರದ ಅಕ್ಕನಿಗೂ ಒಂದು ಮಾತು. ನಿಮ್ಮಲ್ಲಿ ಬೇಸಿಗೆಯ ಗಾಳಿ ಒಣ. ಟ್ಯಾಂಕಿನ ಮೇಲೆ ಹತ್ತು ವ್ಯಾಟಿನ ಸಣ್ಣ ಫ್ಯಾನ್ ಬೀಸಿದರೆ, ಕೂಲರ್ ಹಾಗೆ, ನೀರು ಎರಡು-ಮೂರು ಡಿಗ್ರಿ ಇಳಿಯುತ್ತದೆ. ಅದನ್ನು ಇನ್ವರ್ಟರ್ ಸುಲಭವಾಗಿ ಹೊರುತ್ತದೆ. ಆರಿದ್ದು ಬರೀ ನೀರು, ಉಪ್ಪು ಅಲ್ಲೇ ಉಳಿದಿರುತ್ತದೆ. ಹಾಗಾಗಿ ತುಂಬಿಸುವಾಗ ಆರ್‌ಒ ನೀರನ್ನೇ ಹಾಕಿ. ಬೆಳಗಾವಿಯ ಮಳೆಗಾಲದ ಗಾಳಿಯಲ್ಲಿ ಈ ಆಟ ನಡೆಯುವುದಿಲ್ಲ.

ಪ್ರಶ್ನೆ: ಮಳೆ ಹಿಡಿದ ದಿನ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ. ಮದುವೆಗೆಂದು ಎರಡು ದಿನ ಊರಿಗೆ ಹೋದಾಗ ಬಿದ್ದು, ಟ್ಯಾಂಕ್ ಅರ್ಧ ಸತ್ತಿತು. ಬೇಸತ್ತು ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತೆಗೆಸಿ ಡೈರೆಕ್ಟ್ ಮಾಡಿಸಿದ್ದೇನೆ. ತಪ್ಪೇ?
– ನವನಗರ, ಬಾಗಲಕೋಟೆ

ಉತ್ತರ: ತಪ್ಪು. ಇವತ್ತೇ ವಾಪಸ್ ಹಾಕಿಸಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಿಮ್ಮನ್ನು ಉಳಿಸುವ ಪೆಟ್ಟಿಗೆಯೇ ಮೀನುಗಳ ಉಸಿರು ನಿಲ್ಲಿಸುತ್ತದೆ. ಅದಕ್ಕೆ ಉಪಾಯ ಪೆಟ್ಟಿಗೆ ತೆಗೆಯುವುದಲ್ಲ, ಇನ್ನೊಂದು ಹಾಕುವುದು. ರಿಟರ್ನ್ ಪಂಪ್, ಹೀಟರ್ ಒಂದರ ಮೇಲೆ, ವೇವ್‌ಮೇಕರ್, ಫ್ಯಾನ್ ಇನ್ನೊಂದರ ಮೇಲೆ. ಒಂದು ಬಿದ್ದರೂ ನೀರು ಆಡುತ್ತಿರುತ್ತದೆ. ಎರಡಕ್ಕೂ ನ್ಯೂಟ್ರಲ್ ಬೇರೆ ಬೇರೆ ಬರಬೇಕು. ಬೆರೆತರೆ ಸುಮ್ಮಸುಮ್ಮನೆ ಬೀಳುತ್ತವೆ.

ಇನ್ವರ್ಟರ್ ಇದ್ದರೆ ಇವು ಅದರ ನಂತರ ಇರಬೇಕು. ಪರೀಕ್ಷೆ ಸುಲಭ: ಮೇನ್ ಆಫ್ ಮಾಡಿ, ಟ್ಯಾಂಕ್ ಇನ್ವರ್ಟರ್ ಮೇಲೆ ಓಡುತ್ತಿರುವಾಗ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಅದು ಬಿದ್ದು ಟ್ಯಾಂಕ್ ನಿಲ್ಲಬೇಕು. ನಿಲ್ಲದಿದ್ದರೆ, ಕರೆಂಟ್ ಹೋದಾಗಲೆಲ್ಲ ನಿಮಗೆ ಕಾವಲಿಲ್ಲ ಅಂತ. ಕರೆಂಟ್ ಇದ್ದಾಗಲೂ ತಿಂಗಳಿಗೊಮ್ಮೆ ಒತ್ತುತ್ತಿರಿ.

ಮಳೆ ದಿನ ಬೀಳುವುದಕ್ಕೆ ಕಾರಣ ಬಹುಶಃ ಉಪ್ಪು. ನೀರಿನ ಹನಿ ಸಿಡಿದು ಒಣಗಿ, ಪ್ಲಗ್ಗುಗಳ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿಯ ಹಾಗೆ ಅದೂ ತೇವ ಎಳೆದುಕೊಂಡು ಕರೆಂಟ್ ಹರಿಸುತ್ತದೆ. ನನ್ನ ಕಪಾಟಿನೊಳಗಿನ ಎಕ್ಸ್‌ಟೆನ್ಶನ್ ಬೋರ್ಡ್ ಹೀಗೇ ಕರಕಲಾಗಿತ್ತು. ವಾಸನೆ ಬಂದಿದ್ದಕ್ಕೆ ಬಚಾವಾದೆ. ಬೋರ್ಡನ್ನು ಟ್ಯಾಂಕಿನ ಪಕ್ಕದ ಗೋಡೆಗೆ, ಎತ್ತರದಲ್ಲಿ ಹಾಕಿಸಿ. ವೈರುಗಳು ಪಂಚಮಿಯ ಜೋಕಾಲಿ ಹಗ್ಗದ ಹಾಗೆ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಲಿ. ಆಗ ವೈರಿನ ಗುಂಟ ಬಂದ ಹನಿ ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಉಪ್ಪು ಕಂಡರೆ ಪ್ಲಗ್ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ ಹಾಕಿ.

ಮುಂದಿನ ಸಲ ಮದುವೆಗೆ ಹೊರಟಾಗ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗಿ. ಯಾವ ಪೆಟ್ಟಿಗೆ ಯಾವುದಕ್ಕೆ ಎಂದು ಚೀಟಿ ಅಂಟಿಸಿ. ಬಿದ್ದದ್ದನ್ನು ಒಂದು ಸಲ ಎತ್ತಿ ನೋಡಲಿ. ಮತ್ತೆ ಬಿದ್ದರೆ ಎತ್ತದೆ ನಿಮಗೆ ಫೋನ್ ಮಾಡಲಿ. ನೀರಿಗೆ ಮಾತ್ರ ಕೈ ಹಾಕಬಾರದು ಎಂದು ಎದುರಿಗೇ ಹೇಳಿ, ಚೀಟಿಯಲ್ಲೂ ಬರೆಯಿರಿ.